180 ರೂಪಾಯಿಯ ಏಸಿ

ನಮ್ಮ ಮನೆಯ ಹಳೆಯ ಪಿಕಪ್ ಟ್ರಕ್ಕು 2004ರ ಮಾಡೆಲ್ಲಿನದು. ಅದು ತನ್ನ ಯೌವನವನ್ನೆಲ್ಲ ಹಿಮಾಚಲ ಪ್ರದೇಶದಲ್ಲಿ ಸೇಬು ಹೊರುತ್ತ ಕಳೆದು, ಇಬ್ಬರು ಮಾಲೀಕರನ್ನು ಕಂಡು, ಮುಪ್ಪಿನ ಕಾಲಕ್ಕೆ ಕೆಎ 32 ಎಂಬ ಹೊಸ ನಂಬರು ಬರೆಸಿಕೊಂಡು ಕಲಬುರಗಿಗೆ ಬಂದು ನೆಲೆಸಿತು. ಮಹಾಗಾಂವ ಕ್ರಾಸಿನ ಆಚೆಗಿರುವ ನಮ್ಮ ಹೊಲದ ತೊಗರಿಯನ್ನು ಗಂಜ್ ಎಂಬ ದವಸದ ಪೇಟೆಗೆ ಸಾಗಿಸುವುದು, ಸಾಗಿಸಲು ತೊಗರಿ ಇಲ್ಲದಾಗ ನೆಂಟರಿಷ್ಟರನ್ನು ಮದುವೆ ಮುಂಜಿಗಳಿಗೆ ಹೊತ್ತೊಯ್ಯುವುದು ಅದರ ಕೆಲಸ. ಕಚೇರಿಯಲ್ಲಿ ಗುಮಾಸ್ತನಾಗಿರುವ ನನಗೆ ಇಂಜಿನ್ನಿನ ವಿದ್ಯೆ ಅಷ್ಟಕ್ಕಷ್ಟೇ. ಗಾಡಿ ಹೊರಟರೆ ಸಂತೋಷ, ನಿಂತರೆ ಇನ್ನೂ ಸಂತೋಷ ಎಂಬುದು ನನ್ನ ತಿಳಿವಳಿಕೆಯಾಗಿತ್ತು.

ಅದರ ಡ್ಯಾಶ್‌ಬೋರ್ಡಿನಲ್ಲಿ ಎರಡು ತಿರುಗಣಿಗಳಿವೆ. ಒಂದರ ಮೇಲೆ ಫ್ಯಾನಿನ ಚಿತ್ರವಿದೆ. ಇನ್ನೊಂದರ ಸುತ್ತ ಅರ್ಧ ನೀಲಿ, ಅರ್ಧ ಕೆಂಪು ಗೆರೆಯಿದ್ದು, ಅದನ್ನು ಯಾವ ಕಡೆಗೆ ಎಷ್ಟು ಸುತ್ತು ತಿರುಗಿಸಿದರೂ ತಿರುಗುತ್ತಲೇ ಇರುತ್ತದೆ. ಇದು ಮಕ್ಕಳ ಆಟಕ್ಕೆಂದು ಕಂಪನಿಯವರು ಕೊಟ್ಟ ವಸ್ತುವಿರಬೇಕೆಂದು ನಾನು ನಂಬಿದ್ದೆ, ನನ್ನ ಮಗನೂ ಹಾಗೆಯೇ ನಂಬಿ ಆಡುತ್ತಿದ್ದ. ಫ್ಯಾನನ್ನು ಮಾತ್ರ ಬೇಸಿಗೆಯಲ್ಲಿ ಗಾಳಿಗಾಗಿ ಪೂರ್ತಿ ಜೋರಿಗಿಟ್ಟು ಓಡಿಸುತ್ತಿದ್ದೆ. ಅದರಿಂದ ಕಾಲಿನ ಮೇಲೆ ಬರುವ ಗಾಳಿ ಒಲೆಯ ಬಾಯಿಂದ ಬಂದಂತೆ ಇರುತ್ತಿತ್ತಾದರೂ, ಮೇ ತಿಂಗಳಲ್ಲಿ 43 ಡಿಗ್ರಿ ಕಾಯುವ ಊರಿನಲ್ಲಿ ತಣ್ಣನೆಯ ಗಾಳಿ ಬರಬೇಕೆಂದು ಹಟ ಹಿಡಿಯಲು ನಾನೇನು ಹೊರಗಿನವನೇ? ಹೀಗೆ ಮೂರು ಬೇಸಿಗೆ ಕಳೆದವು. ಪ್ರತಿ ಬೇಸಿಗೆಯಲ್ಲೂ ನಾನು ಬಿಸಿಲನ್ನು ಬೈದೆ, ಕಾಂಕ್ರೀಟು ರಸ್ತೆಯನ್ನು ಬೈದೆ, ಮರ ಕಡಿದವರನ್ನು ಬೈದೆ.

ನಾಲ್ಕನೆಯ ವರ್ಷದ ಏಪ್ರಿಲ್ಲಿನಲ್ಲಿ ಗಾಡಿಯೊಳಗೆ ಒಂದು ಸಿಹಿ ವಾಸನೆ ಸೇರಿಕೊಂಡಿತು. ಹಳಸಿದ ಬೆಲ್ಲದ ಪಾಕವನ್ನು ಮತ್ತೆ ಒಲೆಗಿಟ್ಟಂಥ ವಾಸನೆ. "ಏನ್ರೀ, ಗಾಡ್ಯಾಗ ಯಾರದರೆ ಕಾಕಂಬಿ ಹೇರಿಕೊಂಡು ಹೋಗಿದ್ರೇನು?" ಎಂದು ಹೆಂಡತಿ ವಿಚಾರಿಸಿದಳು. ಇಲ್ಲವೆಂದು ನಾನು ಆಣೆ ಮಾಡಿ ಹೇಳಿದಷ್ಟೂ ಅವಳ ಅನುಮಾನ ಗಟ್ಟಿಯಾಯಿತು. ವೈದ್ಯರು ನನಗೆ ಸಿಹಿ ಮುಟ್ಟಬಾರದೆಂದು ಹೇಳಿದ್ದರಿಂದ, ಸೀಟಿನ ಕೆಳಗೆ ಎಲ್ಲಿಯೋ ಮಾದ್ಲಿಯ ಡಬ್ಬಿ ಅಡಗಿದೆ ಎಂಬ ತೀರ್ಮಾನಕ್ಕೆ ಬಂದು ಒಂದು ಭಾನುವಾರ ಸೀಟುಗಳನ್ನೆಲ್ಲ ಎತ್ತಿಸಿ ನೋಡಿದಳು. ಡಬ್ಬಿ ಸಿಗಲಿಲ್ಲ. ಎಡಗಡೆಯ ಸೀಟಿನ ಮುಂದಿನ ಮ್ಯಾಟು ಮಾತ್ರ ಒದ್ದೆಯಾಗಿತ್ತು. ಅದರ ಹೊಣೆ ಮಗನ ನೀರಿನ ಬಾಟಲಿಯ ಮೇಲೆ ಬಿದ್ದು, ಅವನಿಗೆ ಎರಡು ಏಟೂ ಬಿದ್ದವು. ಆ ಏಟುಗಳನ್ನು ಹಿಂದಕ್ಕೆ ಪಡೆಯುವ ವ್ಯವಸ್ಥೆ ಇಲ್ಲದ ಕಾರಣ ಮುಂದೆ ಒಂದು ಐಸ್‌ಕ್ರೀಮಿನಲ್ಲಿ ಲೆಕ್ಕ ಚುಕ್ತಾ ಮಾಡಬೇಕಾಯಿತು.

ಆಮೇಲೆ ಶುರುವಾದದ್ದು ಮಂಜು. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ, ಬೆಳಗಿನ ಐದೂವರೆಗೆ ಹೊಲಕ್ಕೆ ಹೊರಟು ಹತ್ತು ನಿಮಿಷವಾಗುವಷ್ಟರಲ್ಲಿ ಮುಂದಿನ ಗಾಜಿನ ಒಳಮೈಯೆಲ್ಲ ಶಿಮ್ಲಾದ ಕಿಟಕಿಯಂತೆ ಮಸುಕಾಗುತ್ತಿತ್ತು. ಬಟ್ಟೆಯಿಂದ ಒರೆಸಿದರೆ ಹೋಗದು. ಬದಲಿಗೆ ಎಣ್ಣೆ ಸವರಿದಂತೆ ಇನ್ನಷ್ಟು ಹರಡಿಕೊಳ್ಳುತ್ತಿತ್ತು, ಎದುರಿನ ಲಾರಿಯ ಒಂದು ದೀಪ ನಾಲ್ಕಾಗಿ ಕಾಣುತ್ತಿತ್ತು. ಟ್ರಕ್ಕಿಗೆ ತವರಿನ ನೆನಪಾಗಿರಬೇಕೆಂದು ನಾನು ಕಚೇರಿಯಲ್ಲಿ ಹೇಳಿ ನಗಿಸಿದೆ. ಅದೇ ವಾರ ಇಂಜಿನ್ನಿನ ಕಾವಿನ ಮುಳ್ಳು ಕೆಂಪಿಗೆ ಏರತೊಡಗಿದಾಗ ನಗುವುದನ್ನು ನಿಲ್ಲಿಸಿದೆ.

ರೇಡಿಯೇಟರಿಗೆ ಸುರಿದದ್ದು ಎಲ್ಲಿಗೆ ಹೋಗುತ್ತಿದೆ ಎಂಬುದೇ ತಿಳಿಯದು. ಗಾಡಿಯ ಕೆಳಗೆ ಪೇಪರು ಹಾಸಿ ರಾತ್ರಿಯಿಡೀ ಬಿಟ್ಟರೂ ಒಂದು ಹನಿಯ ಕಲೆಯಿಲ್ಲ. ಮೊದಲು ತೋರಿಸಿದ ಗ್ಯಾರೇಜಿನವರು ರೇಡಿಯೇಟರಿನ ಮುಚ್ಚಳ ಬದಲಿಸಿದರು. ಎರಡನೆಯ ಸಲ ವಾಟರ್ ಪಂಪು ಬದಲಿಸಿದರು. ಮೂರನೆಯ ಸಲ ನನ್ನ ಮುಖ ನೋಡಿ, ಗಾಡಿಯನ್ನೇ ಬದಲಿಸುವುದು ಒಳ್ಳೆಯದೆಂದರು. ಆಗ ನಮ್ಮ ಕಾಕಾ ಚಿಕಿತ್ಸೆಯನ್ನು ತಮ್ಮ ಕೈಗೆ ತೆಗೆದುಕೊಂಡರು. ಅವರ ವೈದ್ಯಶಾಸ್ತ್ರದಲ್ಲಿ ರೇಡಿಯೇಟರಿಗೂ ಮನುಷ್ಯನಿಗೂ ಔಷಧ ಒಂದೇ, ಅರಿಷಿಣ. "ಲಾರಿ ಮಂದಿ ಎಲ್ಲಾ ಹಿಂಗೇ ಮಾಡ್ತಾರ ತಮ್ಮಾ, ತೂತು ಇದ್ದಲ್ಲಿ ಹೋಗಿ ಕುಂದರ್ತದ ನೋಡು" ಎಂದು ಅಡುಗೆಮನೆಯ ಡಬ್ಬಿಯಿಂದ ಒಂದು ಬಟ್ಟಲು ಅರಿಷಿಣ ಪುಡಿ ತಂದು ಸುರಿದು, ಮೇಲೆ ಕೊಳವೆ ಬಾವಿಯ ನೀರು ತುಂಬಿಸಿದರು. ಲಾರಿಯವರು ಅರಿಷಿಣ ಹಾಕುವುದು ನಿಜವೇ. ದಾರಿಯಲ್ಲಿ ಸಣ್ಣ ಸೋರಿಕೆಗೆ ತಾತ್ಕಾಲಿಕವಾಗಿ ಅದು ಕೆಲಸ ಮಾಡುವುದೂ ಉಂಟು. ಆದರೆ ಅವರು ಹಾಕುವುದು ಚಿಟಿಕೆಯ ಲೆಕ್ಕದಲ್ಲಿ, ಕಾಕಾ ಹಾಕಿದ್ದು ಮದುಮಗನ ಲೆಕ್ಕದಲ್ಲಿ.

ಮರುದಿನ ಕಾಕಾ ಇಸ್ತ್ರಿಯ ಬಿಳಿ ಧೋತರ ಉಟ್ಟು, ಎಡಗಡೆಯ ಸೀಟಿನಲ್ಲಿ ಕುಳಿತು, ಶರಣಬಸವೇಶ್ವರ ಗುಡಿಗೆ ಹೊರಟರು. ಗುಡಿಯ ಮುಂದೆ ಇಳಿದಾಗ ಧೋತರದ ಅಂಚು ಮೊಣಕಾಲಿನ ತನಕ ಹಳದಿಯಾಗಿ, ಜಿಗುಟಾಗಿ, ಸಿಹಿಯಾಗಿ ಘಮಘಮಿಸುತ್ತಿತ್ತು. ಮೈಲಾಪುರದ ಮಲ್ಲಯ್ಯನ ಜಾತ್ರೆಯಲ್ಲಿ ಭಂಡಾರ ಎರಚಿಸಿಕೊಂಡು ಸೀದಾ ಇಲ್ಲಿಗೇ ಬಂದವರಂತೆ ಕಾಣುತ್ತಿದ್ದ ಅವರಿಗೆ, ಗುಡಿಯ ಹೊರಗೆ ಹೂವು ಮಾರುತ್ತಿದ್ದ ಅಜ್ಜಿಯೊಬ್ಬಳು ಕೈಮುಗಿದಳು. ಕಾಕಾ ಆಶೀರ್ವಾದವನ್ನೂ ಮಾಡಿದರು. ಅವರ ಧೋತರ ನನಗೆ ಒಂದು ಉಪಕಾರ ಮಾಡಿತು: ರೇಡಿಯೇಟರಿನ ನೀರು ಮಾಯವಾಗುತ್ತಿರುವುದು ಗಾಡಿಯ ಹೊರಗಲ್ಲ, ಒಳಗೆ ಎಂಬುದು ಬಣ್ಣಸಹಿತ ಸಾಬೀತಾಯಿತು.

ಹುಮನಾಬಾದ ರಿಂಗ್ ರೋಡಿನ ಬದಿಯಲ್ಲಿ ಬೇವಿನ ಮರದ ಕೆಳಗೆ ಕೆಲಸ ಮಾಡುವ ಒಬ್ಬ ಹಿರಿಯ ಮಿಸ್ತ್ರಿ ಇದ್ದಾರೆ. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಾರೆ. ಅವರು ಬಾನೆಟ್ಟನ್ನು ಮುಟ್ಟಲೇ ಇಲ್ಲ. ಎಡಗಡೆಯ ಬಾಗಿಲು ತೆರೆದು, ಬಗ್ಗಿ, ಮ್ಯಾಟನ್ನು ಒತ್ತಿ, ಬೆರಳಿಗಂಟಿದ್ದನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. "ನೀರಾದ್ರ ಹಿಂಗ ಜಾರಂಗಿಲ್ಲ ಸರ್, ಇದು ಕೂಲಂಟ್. ನಿಮ್ಮ ಹೀಟರ್ ಒಡದದ."

"ಯಾವ ಹೀಟರ್?" ಎಂದೆ.

ಉಸ್ತಾದರು ನನ್ನನ್ನು ನೋಡಿದ ನೋಟದಲ್ಲಿ ಕನಿಕರವಿತ್ತು. ಆಮೇಲೆ ವಿವರಿಸಿದರು. ಡ್ಯಾಶ್‌ಬೋರ್ಡಿನ ಹಿಂದೆ ಇಟ್ಟಿಗೆಯಷ್ಟು ದೊಡ್ಡದಾದ ಒಂದು ಮರಿ ರೇಡಿಯೇಟರ್ ಇರುತ್ತದೆ. ಇಂಜಿನ್ನನ್ನು ತಣ್ಣಗಿಡುವ ದ್ರವವಾದ ಕೂಲಂಟ್ ಅಲ್ಲಿ 80–90 ಡಿಗ್ರಿಗೆ ಕಾದು, ಎರಡು ರಬ್ಬರ್ ಪೈಪುಗಳ ಮೂಲಕ ಅದರೊಳಗೆ ಹೋಗಿ ಬರುತ್ತದೆ, ಫ್ಯಾನು ಅದರ ಮೇಲೆ ಗಾಳಿ ಬೀಸುತ್ತದೆ, ಆ ಬಿಸಿ ಗಾಳಿ ಚಳಿ ದೇಶದ ಡ್ರೈವರನ ಕಾಲನ್ನೂ ಮುಂದಿನ ಗಾಜನ್ನೂ ಬೆಚ್ಚಗಿಡುತ್ತದೆ. ಅದರ ಸಣ್ಣ ಕೊಳವೆಗಳು ತೂತಾದಾಗ ಕೂಲಂಟಿನ ಹಬೆ ಗಾಜಿಗೆ ಮೆತ್ತಿಕೊಳ್ಳುತ್ತದೆ, ಹನಿ ಮ್ಯಾಟಿಗೆ ಇಳಿಯುತ್ತದೆ. ಸಿಹಿ ವಾಸನೆ ಅದರಲ್ಲಿರುವ ಎಥಿಲೀನ್ ಗ್ಲೈಕಾಲಿನದು. ಅದು ವಿಷವೆಂದೂ, ಸಿಹಿಯೆಂದು ನಾಯಿಗಳು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆಂದೂ ಅವರು ಹೇಳಿದ ಮೇಲೆ ನಾನು ಮ್ಯಾಟನ್ನು ಅಂಗಳದಲ್ಲಿ ಒಣಹಾಕುವುದನ್ನು ಬಿಟ್ಟೆ.

ಇಷ್ಟೆಲ್ಲ ಕೇಳಿದ ಮೇಲೆ ನನ್ನ ಕೈ ತಾನಾಗಿ ಆ ಕೆಂಪು ನೀಲಿಯ ತಿರುಗಣಿಯ ಕಡೆಗೆ ಹೋಯಿತು. ಉಸ್ತಾದರು ಕೆಳಗೆ ಕೈ ಹಾಕಿ ಅದರ ಕೇಬಲ್ಲಿನ ತುಂಡನ್ನು ಎಳೆದು ತೋರಿಸಿದರು. ಕೇಬಲ್ ಯಾವತ್ತೋ ಹರಿದಿತ್ತು. ಹರಿಯುವಾಗ ಹೀಟರಿನ ವಾಲ್ವು ಪೂರ್ತಿ ತೆರೆದ ಸ್ಥಿತಿಯಲ್ಲಿತ್ತು. ಎಂದರೆ, ಮೂರು ಬೇಸಿಗೆ, 43 ಡಿಗ್ರಿಯ ಬಿಸಿಲಿನಲ್ಲಿ, ನಾನು ಹೀಟರನ್ನು ಪೂರ್ತಿ ಹಚ್ಚಿಕೊಂಡು, ಅದರ ಫ್ಯಾನನ್ನು ಜೋರಿಗಿಟ್ಟುಕೊಂಡು, ಸೂರ್ಯನನ್ನು ಬೈಯುತ್ತ ಓಡಾಡಿದ್ದೆ. ಬೇರೆ ಊರಿನಲ್ಲಾಗಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ನಮ್ಮಲ್ಲಿ ಮೈ ಸುಟ್ಟರೆ ಕಾರಣ ಹುಡುಕುವ ಅಭ್ಯಾಸವೇ ಇಲ್ಲ.

"ಹೊಸಾದು ಹಾಕಬೇಕಂದ್ರ ಮಾಲು ಹೈದರಾಬಾದದಿಂದ ತರಿಸಬೇಕು" ಎಂದು ಉಸ್ತಾದರು ಲೆಕ್ಕ ಒಪ್ಪಿಸತೊಡಗಿದರು. ಮಾಲಿನ ಬೆಲೆಗಿಂತ ಮಜೂರಿ ಹೆಚ್ಚು, ಏಕೆಂದರೆ ಸ್ಟಿಯರಿಂಗ್ ಇಳಿಸಿ, ವೈರುಗಳನ್ನೆಲ್ಲ ಬಿಚ್ಚಿ, ಇಡೀ ಡ್ಯಾಶ್‌ಬೋರ್ಡನ್ನು ಹೊರಗೆ ತೆಗೆಯಬೇಕು. ದೇವರ ಜಗುಲಿಯ ಹಿಂದೆ ಬಿದ್ದ ಎಂಟಾಣೆಗಾಗಿ ಜಗುಲಿಯನ್ನೇ ಕೀಳಿಸಿದ ಹಾಗೆ. ನೀವು ಇಂಥದ್ದನ್ನು ಎಷ್ಟು ಮಾಡಿದ್ದೀರಿ ಎಂದು ಕೇಳಿದೆ. "ಇಪ್ಪತ್ತೆರಡು ವರ್ಷ ಆತು ಸರ್. ಹೀಟರ್ ನಡಿವಲ್ದು ಅಂತ ಈ ಊರಾಗ ಯಾರರೆ ಬಂದಾರೇನು? ನೀವs ಮೊದಲನೇವ್ರು" ಎಂದರು. ನಮ್ಮ ಊರಿಗೆ ಅದು ಬೇಡವೇ ಬೇಡ, ಎರಡು ಪೈಪುಗಳನ್ನು ಒಂದಕ್ಕೊಂದು ಕೂಡಿಸಿ ಹೀಟರನ್ನು ದಾರಿಯಿಂದಲೇ ಬಿಡಿಸಿಬಿಡೋಣ ಎಂಬುದು ಅವರ ಸಲಹೆ. ಹೀಟರಿನಿಂದ ಒಂದು ಉಪಯೋಗವುಂಟೆಂದೂ ಪ್ರಾಮಾಣಿಕವಾಗಿ ತಿಳಿಸಿದರು: ಏರಿನಲ್ಲಿ ಇಂಜಿನ್ ಕಾದಾಗ ಹೀಟರನ್ನು ಪೂರ್ತಿ ಹಚ್ಚಿದರೆ ಇಂಜಿನ್ನಿನ ಕಾವು ಒಂದಿಷ್ಟು ಒಳಗೆ ಬಂದುಬಿಡುತ್ತದೆ. "ಇಂಜಿನ್ ಉಳೀತದ ಸರ್. ಡ್ರೈವರ್ ಉಳಿಯೋದು ಅವನ ನಸೀಬ."

ಅವರು ಇಂಜಿನ್ ತಣ್ಣಗಾಗುವವರೆಗೆ ಎರಡು ಚಹಾ ಕುಡಿದು, ಆಮೇಲೆ ಪೈಪುಗಳನ್ನು ಕಿತ್ತರು. ಪೈಪಿನ ಬಾಯಲ್ಲಿ ನೀರು ಕಾಯಿಸುವ ಹಂಡೆಯ ತಳದಂತೆ ಬಿಳಿಯ ಸುಣ್ಣ ಪದರಗಟ್ಟಿತ್ತು, ಅದರ ಮೇಲೆ ಕಾಕಾ ಅವರ ಅರಿಷಿಣ ಕೆಸರಿನಂತೆ ಕುಳಿತಿತ್ತು. ಉಸ್ತಾದರು ಉಗುರಿನಿಂದ ಕೆರೆದಾಗ ಒಂದು ಹಕ್ಕಳೆ ಎದ್ದು ಬಂತು. ಶಹಾಬಾದದ ಫರ್ಸಿ ಕಲ್ಲಿನ ಮೇಲೆ ನಡೆದು, ಅದೇ ಸುಣ್ಣದ ನೆಲದೊಳಗಿನ ನೀರನ್ನು ರೇಡಿಯೇಟರಿಗೆ ಕುಡಿಸಿದರೆ ಒಳಗೊಂದು ಶಹಾಬಾದ ತಯಾರಾಗದೆ ಇರುತ್ತದೆಯೇ? ಕೂಲಂಟನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಬೆರೆಸಿ ಹಾಕಬೇಕಂತೆ. ನಾವು ನಾಲ್ಕು ವರ್ಷ ಬಕೆಟ್ಟಿನಿಂದ ಸುರಿದಿದ್ದೆವು. ಗೇಣುದ್ದದ ಕಬ್ಬಿಣದ ಪೈಪು, ಎರಡು ಕ್ಲಿಪ್ಪು, ಸ್ಕ್ರೂಡ್ರೈವರಿನ ಹತ್ತು ತಿರುವು. ಕೂಲಂಟಿನ ಡಬ್ಬಿಯ ದುಡ್ಡು ಬೇರೆ. ಪೈಪು, ಕ್ಲಿಪ್ಪು, ಕೈಗೆಲಸ ಎಲ್ಲ ಸೇರಿ 180 ರೂಪಾಯಿ.

ಮರುದಿನ ಮಧ್ಯಾಹ್ನ ಕಾಕಾ ಅವರನ್ನು ಗಂಜಿಗೆ ಕರೆದೊಯ್ದೆ. ಸೂಪರ್ ಮಾರ್ಕೆಟ್ ದಾಟುವವರೆಗೆ ಸುಮ್ಮನಿದ್ದ ಅವರು ಕಾಲನ್ನು ಅತ್ತಿತ್ತ ಸರಿಸಿ, ಕೆಳಗೆ ಬಗ್ಗಿ ನೋಡಿ, "ಏನೋ ತಮ್ಮಾ, ಏಸಿ ಹಾಕ್ಸೀ ಏನು?" ಎಂದರು. ನಾನು ಹೌದೆಂದೆ. ಎಷ್ಟಾಯಿತೆಂದರು. 180 ರೂಪಾಯಿ ಎಂದೆ. ಸಂಜೆಯೊಳಗೆ ಆ ಸುದ್ದಿ ಓಣಿಯ ತುಂಬ ಹರಡಿ, ಇಬ್ಬರು ಟೆಂಪೋದವರು ಬಂದು ಆ ಮಿಸ್ತ್ರಿಯ ವಿಳಾಸ ಬರೆದುಕೊಂಡು ಹೋದರು.

ಜನವರಿಯಲ್ಲಿ ಬೀದರಿನಲ್ಲಿ ಒಂದು ಮದುವೆಯಿತ್ತು. ಬೆಳಗಿನ ನಾಲ್ಕೂವರೆಗೆ ಐದು ಜನ ಹೊರಟೆವು. ಕಮಲಾಪುರ ದಾಟುವ ತನಕ ಸುಖವಾಗಿತ್ತು. ಹುಮನಾಬಾದ ಬಿಟ್ಟ ಮೇಲೆ ಬೀದರಿನ ಎತ್ತರ ತನ್ನ ಗುಣ ತೋರಿಸಿತು. ಐವರ ಉಸಿರು ಗಾಜಿಗೆ ಬಡಿದು ರಸ್ತೆ ಕಾಣದಾಯಿತು. ಈ ಸಲ ಅದು ನಿಜವಾದ ಮಂಜು. ಅದನ್ನು ಕಳೆಯಲೆಂದೇ ಮಾಡಿದ ಯಂತ್ರ ನನ್ನ ಮೊಣಕಾಲಿನ ಎದುರಿಗೆ ತಣ್ಣಗೆ ಒಣಗಿ ಕುಳಿತಿತ್ತು. ಬೇರೆ ದಾರಿಯಿಲ್ಲದೆ ನಾನು ಫ್ಯಾನನ್ನು ಜೋರಿಗಿಟ್ಟು ಕಿಟಕಿಯನ್ನು ಅರ್ಧ ಇಳಿಸಿದೆ. ಕಿವಿಗೆ ಮಫ್ಲರ್, ಮೈಗೆ ಕಂಬಳಿ ಸುತ್ತಿಕೊಂಡಿದ್ದ ಕಾಕಾ ಕಂಬಳಿಯೊಳಗಿಂದ ಒಂದು ಕೈ ಹೊರಗೆ ಚಾಚಿ, ಆ ಕೆಂಪು ನೀಲಿಯ ತಿರುಗಣಿಯನ್ನು ಮೊದಲು ಬಲಕ್ಕೆ ನಾಲ್ಕು ಸುತ್ತು, ಆಮೇಲೆ ಎಡಕ್ಕೆ ನಾಲ್ಕು ಸುತ್ತು ತಿರುಗಿಸಿ, ನಡುಗುವ ದನಿಯಲ್ಲಿ ಹೇಳಿದರು:

"ಸಾಕು ತಮ್ಮಾ, ಇನ್ನರೆ ಏಸಿ ಬಂದ್ ಮಾಡೋ."