ದೋಸೆ ಹಿಟ್ಟು ಮತ್ತು ಗಿಗಾಹರ್ಟ್ಸ್

ದಾವಣಗೆರೆಯಲ್ಲಿ ಡಿಸೆಂಬರ್ ಬಂತೆಂದರೆ ನಮ್ಮ ಮನೆಯಲ್ಲಿ ಎರಡು ದೂರುಗಳು ಒಟ್ಟಿಗೆ ಏಳುತ್ತವೆ. ಚಳಿಗೆ ದೋಸೆ ಹಿಟ್ಟು ಏಳುವುದಿಲ್ಲ ಎನ್ನುವುದು ಅಮ್ಮನದು. ಊಟಕ್ಕೆ ಕರೆದರೆ ನಾನು ಏಳುವುದಿಲ್ಲ ಎನ್ನುವುದು ಹೆಂಡತಿಯದು. 2022ರ ಡಿಸೆಂಬರಿನಲ್ಲಿ ಮೊದಲನೆಯ ದೂರು ಬಗೆಹರಿಯಿತು. ಅದಕ್ಕೆ ಕಾರಣ ಎರಡನೆಯದು.

ನಾನು ವೃತ್ತಿಯಲ್ಲಿ ಲೆಕ್ಕಿಗ. ಹಗಲೆಲ್ಲ ಅಂಗಡಿಗಳವರ ಜಿಎಸ್‌ಟಿ ರಿಟರ್ನ್ ತುಂಬುತ್ತೇನೆ. ರಾತ್ರಿ ಹತ್ತರ ಮೇಲೆ ಅದೇ ಕಂಪ್ಯೂಟರಿನಲ್ಲಿ ಕಾರು ಓಡಿಸುತ್ತೇನೆ. ಸ್ಕೂಟರಿನಲ್ಲಿ ನಲವತ್ತು ದಾಟದವನು, ಪರದೆಯ ಮೇಲೆ ಮುನ್ನೂರಕ್ಕೆ ಕಡಿಮೆ ಇಳಿಯುವುದಿಲ್ಲ. 2019ರ ಕೊನೆಯಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ತಂದು ನಾನೇ ಜೋಡಿಸಿದ ಯಂತ್ರ ಅದು. ರೈಜನ್ 5 3600 ಪ್ರೊಸೆಸರ್, 16 ಜಿಬಿ ಮೆಮೊರಿ, ಸೆಕೆಂಡಿಗೆ 144 ಸಲ ಚಿತ್ರ ಬದಲಿಸಬಲ್ಲ 144 ಹರ್ಟ್ಸ್ ಮಾನಿಟರ್. ಮೂರು ವರ್ಷ ತಣ್ಣಗೆ ಕೆಲಸ ಮಾಡಿತ್ತು. ಅದನ್ನು ಓವರ್‌ಕ್ಲಾಕ್ ಮಾಡುವ, ಅಂದರೆ ಪ್ರೊಸೆಸರನ್ನು ಕಾರ್ಖಾನೆ ನಿಗದಿ ಮಾಡಿದ್ದಕ್ಕಿಂತ ವೇಗವಾಗಿ ಓಡಿಸಿ ಬಿಸಿ ಮಾಡುವ ಬುದ್ಧಿ ನನಗೆ ಬಂದದ್ದು ಹಳೆಯ ಹೊಟ್ಟೆಕಿಚ್ಚಿನಿಂದ.

ನಾನು ಕಾಲೇಜಿನಲ್ಲಿದ್ದಾಗ ಹಾಸ್ಟೆಲಿನ ಗೆಳೆಯನೊಬ್ಬನ ಬಳಿ ಇಂಟೆಲ್‌ನ ಸೆಲೆರಾನ್ 300ಎ ಇತ್ತು. 1998ರಲ್ಲಿ ಬಂದ ಈ ಅಗ್ಗದ ಚಿಪ್ಪು ಓಡಬೇಕಾದದ್ದು 300 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 30 ಕೋಟಿ ಮಿಡಿತಗಳಲ್ಲಿ. ಮದರ್‌ಬೋರ್ಡಿನ ವೇಗವನ್ನು 66ರಿಂದ 100ಕ್ಕೆ ಏರಿಸಿದರೆ ಸಾಕು, 450ರಲ್ಲಿ ಓಡುತ್ತಿತ್ತು. ಪುಕ್ಕಟೆಯಾಗಿ ಒಂದೂವರೆ ಪಟ್ಟು! ಅವನು ಆ ಸಂಗತಿಯನ್ನು ಹೇಳುವಾಗ ಮಾಡುತ್ತಿದ್ದ ಮುಖ ನನಗೆ ಇನ್ನೂ ನೆನಪಿದೆ. ನನ್ನ ಬಳಿ ಆಗ ಕ್ಯಾಲ್ಕುಲೇಟರ್ ಇತ್ತು.

ವೇಗ ಹೆಚ್ಚಿಸುವ ಮೊದಲು ಈಗ ಎಷ್ಟಿದೆ ಎಂದು ಅಳೆಯಬೇಕು; ಆರಂಭಿಕ ಶಿಲ್ಕು ಗೊತ್ತಿಲ್ಲದೆ ಖಾತೆ ಬರೆಯುವವರಿಲ್ಲ. ಸಿನೆಬೆಂಚ್ ಎಂಬ ತಂತ್ರಾಂಶವಿದೆ. ಅದು ಪ್ರೊಸೆಸರಿನ ಎಲ್ಲ ಕೋರ್‌ಗಳನ್ನೂ ದುಡಿಸಿಕೊಂಡು ಒಂದು ಚಿತ್ರವನ್ನು ಚೌಕ ಚೌಕವಾಗಿ ಬಿಡಿಸಿ, ಕೊನೆಗೆ ಅಂಕ ಕೊಡುತ್ತದೆ. ನನ್ನ ಯಂತ್ರಕ್ಕೆ 3,540 ಬಂತು. ಮರುದಿನ ಬಯಾಸ್‌ಗೆ, ಅಂದರೆ ವಿಂಡೋಸ್ ಏಳುವ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟಗಳಿಗೆ ಹೋಗಿ, ವೇಗವನ್ನು ಸ್ವಲ್ಪ ಏರಿಸಿ, ದೇವರಿಗೆ ಕೈಮುಗಿದು ಮತ್ತೆ ಓಡಿಸಿದೆ. 3,310! ವೇಗ ಏರಿಸಿದರೆ ಅಂಕ ಇಳಿಯಿತು. ಎರಡು ದಿನ ಚಿಪ್ಪನ್ನು ಶಂಕಿಸಿದ ಮೇಲೆ ತಿಳಿಯಿತು: ಅದೇ ಹೊತ್ತಿಗೆ ಹಿನ್ನೆಲೆಯಲ್ಲಿ ವಿಂಡೋಸ್ ತನ್ನ ಅಪ್‌ಡೇಟ್ ಇಳಿಸಿಕೊಳ್ಳುತ್ತಿತ್ತು, ಬ್ರೌಸರಿನಲ್ಲಿ ಮಗಳ ರಂಗೋಲಿ ವಿಡಿಯೊ ಓಡುತ್ತಿತ್ತು. ಮಗುವನ್ನು ಕಂಕುಳಲ್ಲಿಟ್ಟುಕೊಂಡು ತೂಕದ ಯಂತ್ರ ಹತ್ತಿ, ದಪ್ಪಗಾದೆನೆಂದು ಅತ್ತ ಹಾಗಾಯಿತು.

ಆಮೇಲೆ ಶಿಸ್ತು ಬಂತು. ಎಲ್ಲವನ್ನೂ ಮುಚ್ಚಿ, ರಾತ್ರಿ ಅದೇ ಹೊತ್ತಿನಲ್ಲಿ, ಮೂರು ಸಲ ಓಡಿಸಿ ಸರಾಸರಿ ತೆಗೆಯುವುದು. ಒಂದು ಸಲಕ್ಕೆ ಒಂದೇ ಬದಲಾವಣೆ. ಕೋಣೆಯ ಉಷ್ಣಾಂಶವನ್ನೂ ಬರೆದಿಡುವುದು, ಏಕೆಂದರೆ ಗಾಳಿಯಿಂದ ತಣಿಸುವ ಕೂಲರ್ ಎಷ್ಟೇ ದೊಡ್ಡದಿದ್ದರೂ ಚಿಪ್ಪನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಇದಕ್ಕೆಂದೇ ಕೆಂಪು ರಟ್ಟಿನ ಹೊಸ ಲೆಡ್ಜರ್ ತೆರೆದೆ. ಹೆಂಡತಿ ಅದನ್ನು ತಿರುವಿ ನೋಡಿ, "ಯಾವ ಪಾರ್ಟಿಯದು?" ಎಂದು ಕೇಳಿದಳು.

ಇಪ್ಪತ್ತೈದು ಇಪ್ಪತ್ತೈದು ಮೆಗಾಹರ್ಟ್ಸ್ ಏರಿಸುತ್ತ 4.2 ಗಿಗಾಹರ್ಟ್ಸ್, ಅಂದರೆ 4,200 ಮೆಗಾಹರ್ಟ್ಸ್, ತಲುಪಿದೆ. ವೇಗವನ್ನಷ್ಟೇ ಏರಿಸಿದರೆ ಶಾಖ ಸರಳ ಬಡ್ಡಿಯ ಹಾಗೆ ಏರುತ್ತದೆ. ಆ ವೇಗವನ್ನು ತಡೆದುಕೊಳ್ಳಲೆಂದು ವೋಲ್ಟೇಜ್ ಏರಿಸಿದಿರೋ, ಅದು ವರ್ಗದ ಲೆಕ್ಕ, ಮೀಟರ್ ಬಡ್ಡಿ. ಹಾಗಾಗಿ 1.3 ವೋಲ್ಟ್‌ಗೆ ನಿಲ್ಲಿಸಿದೆ. ಅಂಕ 3,660. ಹತ್ತು ರಾತ್ರಿಗಳ ತಪಸ್ಸಿಗೆ ನೂರಿಪ್ಪತ್ತು ಅಂಕಗಳ ಲಾಭ, ಶೇಕಡ ಮೂರಕ್ಕಿಂತ ತುಸು ಹೆಚ್ಚು. ಆಗಿನ ಉಳಿತಾಯ ಖಾತೆಯ ಬಡ್ಡಿಯಷ್ಟು. ಕಾರಿನ ಆಟದಲ್ಲಿ ಸೆಕೆಂಡಿಗೆ 88 ಫ್ರೇಮ್, ಅಂದರೆ ಚಿತ್ರಗಳು, ಇದ್ದದ್ದು 89 ಆಯಿತು, ಏಕೆಂದರೆ ಅಲ್ಲಿ ಹೆಣಗುತ್ತಿದ್ದದ್ದು ಪ್ರೊಸೆಸರ್ ಅಲ್ಲ, ಗ್ರಾಫಿಕ್ಸ್ ಕಾರ್ಡ್. ಹಾಸ್ಟೆಲಿನ ಗೆಳೆಯನ ಕಾಲ ಬೇರೆ. ಆಗ ಕಾರ್ಖಾನೆಯವರು ಚಿಪ್ಪಿನಲ್ಲಿ ಧಾರಾಳವಾಗಿ ಶಕ್ತಿಯನ್ನು ಉಳಿಸಿ ಕಳಿಸುತ್ತಿದ್ದರು. ಈಗಿನ ಚಿಪ್ಪುಗಳು ತಾವೇ ತಮ್ಮ ಶಾಖ ನೋಡಿಕೊಂಡು ಏರಬಹುದಾದಷ್ಟು ಏರಿ, ನಮಗೆ ತಳ ಕೆರೆಯಲು ಬಿಡುತ್ತವೆ.

ಅಲ್ಲಿಗೆ ನಿಲ್ಲಿಸುವವನು ಜಾಣ. ನಾನು 4.4 ಎಂದು ಬರೆದು ಎಂಟರ್ ಒತ್ತಿದೆ.

ಫ್ಯಾನುಗಳು ತಿರುಗಿದವು, ಪರದೆ ಕಪ್ಪಾಯಿತು, ಬೆಳಗಾದರೂ ಕಪ್ಪಾಗಿಯೇ ಇತ್ತು. ಇಂಥ ಹೊತ್ತಿನಲ್ಲಿ ವೈರ್ ಕಿತ್ತು, ಮದರ್‌ಬೋರ್ಡಿನ ಮೇಲಿರುವ ಸಿಆರ್2032 ಎಂಬ ನಾಣ್ಯದಂಥ ಸೆಲ್ ತೆಗೆದು, ಕೆಲವು ನಿಮಿಷ ಬಿಟ್ಟು ಮತ್ತೆ ಹಾಕಿದರೆ ಬಯಾಸ್ ತನ್ನ ಹಳೆಯ ನೆನಪು ಕಳೆದುಕೊಂಡು ಮೊದಲಿನಂತಾಗುತ್ತದೆ. ಸ್ಕ್ರೂಡ್ರೈವರಿನಿಂದ ಮೀಟಿದೆ. ಸೆಲ್ ಟಣ್ಣನೆ ಹಾರಿ, ಉರುಳುತ್ತ ಬೀರುವಿನ ಅಡಿಗೆ ಹೋಯಿತು. ನೆಲಕ್ಕೆ ಕೆನ್ನೆ ಹಚ್ಚಿ ಪೊರಕೆಯ ಹಿಡಿಯಿಂದ ಕೆದಕಿದಾಗ ಹೊರಬಂದವು: ಎರಡು ಪೆನ್ಸಿಲ್, ಒಂದು ಕಾಲುಂಗುರ, ಐವತ್ತು ಪೈಸೆಯ ನಾಣ್ಯ, ಕೊನೆಗೆ ಸೆಲ್. ಕಾಲುಂಗುರಕ್ಕಾಗಿ ಹಿಂದಿನ ದೀಪಾವಳಿಯಲ್ಲಿ ಇಡೀ ಮನೆ ಹುಡುಕಿದ್ದೆವು. ಇಡೀ ಓವರ್‌ಕ್ಲಾಕಿಂಗ್ ಸಾಹಸದಲ್ಲಿ ಹೆಂಡತಿ ಮೆಚ್ಚಿದ ಫಲಿತಾಂಶ ಅದೊಂದೇ.

ಮತ್ತೆ 4.2ಕ್ಕೆ ಬಂದೆ. ಇನ್ನುಳಿದದ್ದು ಅದು ನಿಜವಾಗಿ ಗಟ್ಟಿಯೇ ಎಂಬ ಪರೀಕ್ಷೆ. ಇದಕ್ಕೆ ಪ್ರೈಮ್95 ಎಂಬ ತಂತ್ರಾಂಶವಿದೆ. ಅದು ಹುಟ್ಟಿದ್ದು ಯಂತ್ರಗಳನ್ನು ಗೋಳಾಡಿಸಲೆಂದಲ್ಲ. ಎರಡನ್ನು ಎರಡರಿಂದ ಗುಣಿಸುತ್ತ ಗುಣಿಸುತ್ತ ಹೋಗಿ ಒಂದು ಕಳೆದರೆ ಬರುವ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ಕೆಲಸ 1996ರಿಂದ ನಡೆದಿದೆ. ಲೋಕದಾದ್ಯಂತ ಆಸಕ್ತರು ತಮ್ಮ ಕಂಪ್ಯೂಟರುಗಳನ್ನು ಇದಕ್ಕೆ ಮುಡಿಪಿಟ್ಟಿದ್ದಾರೆ. 2018ರಲ್ಲಿ ಸಿಕ್ಕ ಸಂಖ್ಯೆಗೆ ಎರಡೂವರೆ ಕೋಟಿಗೆ ತುಸು ಕಡಿಮೆ ಅಂಕೆಗಳಿವೆ. ಆ ಲೆಕ್ಕ ಎಷ್ಟು ಕಠಿಣವೆಂದರೆ ಪ್ರೊಸೆಸರಿನಲ್ಲಿ ಎಳ್ಳಷ್ಟು ದೌರ್ಬಲ್ಯವಿದ್ದರೂ ಹೊರಬೀಳುತ್ತದೆ. ಅದರಲ್ಲೂ 'ಸ್ಮಾಲ್ ಎಫ್‌ಎಫ್‌ಟಿ' ಎಂಬ ಆಯ್ಕೆ ಒತ್ತಿದರೆ ಪ್ರೊಸೆಸರ್ ಕಾದ ಕಾವಲಿಯೇ.

ರಾತ್ರಿ ಅದನ್ನು ಹಚ್ಚಿಟ್ಟು ಮಲಗಿದೆ. ಕ್ಯಾಬಿನೆಟ್ಟಿನ ಹಿಂಭಾಗದಿಂದ ಬಿಸಿಗಾಳಿ ಬರುತ್ತಿರುವುದನ್ನು ನೀರು ಕುಡಿಯಲು ಎದ್ದ ಅಮ್ಮ ಗಮನಿಸಿದ್ದಾಳೆ. ಯಾರಿಗೂ ಹೇಳಲಿಲ್ಲ. ಹಿಟ್ಟಿನ ಪಾತ್ರೆ ತಂದು ಅಲ್ಲಿಟ್ಟಿದ್ದಾಳೆ.

ಬೆಳಗ್ಗೆ ನಾನು ಬಾಗಿಲು ತೆರೆದಾಗ ಎರಡು ದೃಶ್ಯಗಳು. ನೆಲದ ಮೇಲೆ, ಮುಚ್ಚಳವನ್ನು ಟೋಪಿಯ ಹಾಗೆ ತಲೆಯ ಮೇಲೆ ಹೊತ್ತು ಹಿಟ್ಟು ಪಾತ್ರೆಯಿಂದ ಇಳಿದು, ಎಕ್ಸ್‌ಟೆನ್ಷನ್ ಬೋರ್ಡಿಗೆ ಗೇಣು ದೂರದಲ್ಲಿ ನಿಂತಿತ್ತು. ಪರದೆಯ ಮೇಲೆ, ಪ್ರೊಸೆಸರ್ ಒಟ್ಟಿಗೆ ಮಾಡುತ್ತಿದ್ದ ಹನ್ನೆರಡು ಸಾಲು ಲೆಕ್ಕಗಳಲ್ಲಿ ಒಂದು ಕೆಲಸ ನಿಲ್ಲಿಸಿತ್ತು: ರೌಂಡಿಂಗ್ 0.5 ಬಂದಿದೆ, 0.4ಕ್ಕಿಂತ ಕಡಿಮೆ ಇರಬೇಕಿತ್ತು. ಯಂತ್ರ ಕೆಟ್ಟು ನಿಂತಿರಲಿಲ್ಲ, ಆರಾಮವಾಗಿ ಓಡುತ್ತಿತ್ತು. ಲೆಕ್ಕ ಮಾತ್ರ ತಪ್ಪಿತ್ತು. ನನಗೆ ಎದೆ ಝಲ್ಲೆಂದಿತು. ನಿಂತುಹೋಗುವ ಯಂತ್ರಕ್ಕೆ ನಾನು ಹೆದರುವುದಿಲ್ಲ. ನಗುನಗುತ್ತ ತಪ್ಪು ಮೊತ್ತ ಹೇಳುವವರನ್ನು ಇಪ್ಪತ್ತು ವರ್ಷ ನೋಡಿದ್ದೇನೆ. "ಹಾಗಾದರೆ ನನ್ನ ರಿಟರ್ನ್ ಇದರಲ್ಲಿ ತುಂಬಬೇಡಿ" ಎಂದಳು ಹೆಂಡತಿ, ಹಿಟ್ಟು ಒರೆಸುತ್ತ. ಅಂದೇ ಎಲ್ಲವನ್ನೂ ಕಾರ್ಖಾನೆಯ ವೇಗಕ್ಕೆ ಇಳಿಸಿದೆ.

ಭಾನುವಾರ ಅಕ್ಕನ ಮಗ ಬಂದ. ಹತ್ತನೆಯ ತರಗತಿ. ಲೆಡ್ಜರ್ ತೆರೆದು ನನ್ನ ಸಂಶೋಧನೆಯನ್ನು ಅವನಿಗೆ ವಿವರಿಸುತ್ತಿದ್ದೆ. ಅವನು ಸುಮ್ಮನೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ, "ಮಾಮ, ಈ ಮೆಮೊರಿ 3200ರದ್ದಲ್ಲವೇ? 2133ರಲ್ಲಿ ಓಡುತ್ತಿದೆ" ಎಂದ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬುದೊಂದನ್ನು ನಾವೇ ಆನ್ ಮಾಡದಿದ್ದರೆ ಮೆಮೊರಿ ತನ್ನ ಪೂರ್ಣ ವೇಗಕ್ಕೆ ಬರುವುದಿಲ್ಲವಂತೆ. ಆ ಪುಟವನ್ನು ನಾನು ಹದಿನೈದು ದಿನದಿಂದ ದಿನವೂ ದಾಟಿ ಹೋಗುತ್ತಿದ್ದೆ. ಅವನು ಅದನ್ನು ಸರಿಪಡಿಸಿ, ಡಿಸ್‌ಪ್ಲೇ ಸೆಟ್ಟಿಂಗ್ ತೆರೆದ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಿರಿಯರಿಗೆ ಕೆಟ್ಟ ಸುದ್ದಿ ಹೇಳುವ ಧ್ವನಿಯಲ್ಲಿ, "ಮಾಮ, ಮಾನಿಟರ್ 60ರಲ್ಲಿದೆ" ಎಂದ.

ಮೂರು ವರ್ಷ! 144ಕ್ಕೆ ದುಡ್ಡು ಕೊಟ್ಟು 60 ನೋಡಿದ್ದೆ. ನಾನು ಹತ್ತು ರಾತ್ರಿ ನಿದ್ದೆಗೆಟ್ಟು ಗಳಿಸಿದ ಆ ಎಂಬತ್ತೊಂಬತ್ತನೆಯ ಫ್ರೇಮನ್ನು ತೋರಿಸುವ ಸ್ಥಿತಿಯಲ್ಲೇ ಪರದೆ ಇರಲಿಲ್ಲ. ಹುಡುಗ ಎರಡು ಕ್ಲಿಕ್ ಮಾಡಿ, ಚಕ್ಕುಲಿ ತಿನ್ನುತ್ತ ಹೊರಗೆ ಹೋದ. ಕಾರು ಬೆಣ್ಣೆಯ ಮೇಲೆ ಓಡಿದ ಹಾಗೆ ಓಡಿತು. ಸ್ಕೋರು ಬರೆಯಲು ಲೆಡ್ಜರ್ ಕೈಗೆತ್ತಿಕೊಂಡವನು, ನಾಚಿಕೆಯಾಗಿ ಮಗಳಿಗೆ ಚಿತ್ರ ಬಿಡಿಸಲು ಕೊಟ್ಟುಬಿಟ್ಟೆ.

ಇಷ್ಟರಲ್ಲಿ ಅಮ್ಮನ ಹಿಟ್ಟು ಮತ್ತೆ ಮಲಗಿತ್ತು. ಎರಡು ದಿನ ನೋಡಿ, ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಹುಬ್ಬಳ್ಳಿಯಿಂದ ನಿನ್ನ ಅತ್ತೆ ಬರುತ್ತಾಳೆ. ಇವತ್ತು ರಾತ್ರಿ ಆ ಲೆಕ್ಕ ಹಚ್ಚಿಡು."

"ಎಷ್ಟು ಅಕ್ಕಿ ನೆನೆಸಿದ್ದೀಯಮ್ಮ?"

"ಎರಡು ಸೇರು."

ಅಷ್ಟಕ್ಕೆ ಸ್ಮಾಲ್ ಎಫ್‌ಎಫ್‌ಟಿಯೇ ಬೇಕು. ಎಕ್ಸ್‌ಟೆನ್ಷನ್ ಬೋರ್ಡನ್ನು ಎತ್ತಿ ಗೋಡೆಯ ಮೊಳೆಗೆ ನೇತುಹಾಕಿ, ಗುಂಡಿ ಒತ್ತಿದೆ.