ಖಾಲಿ ಕುರ್ಚಿಗಳ ಹಾಜರಿ

ಅಮೆರಿಕದ ಕೆಳ ಡಿವಿಷನ್ನಿನ ಸಾಕರ್ (ನಮ್ಮ ಫುಟ್‌ಬಾಲ್) ಪಂದ್ಯ. ಎಪ್ಪತ್ತನೇ ನಿಮಿಷದ ಆಸುಪಾಸಿನಲ್ಲಿ ಮೈಕಿನವರು ಗಂಟಲು ಸರಿಮಾಡಿಕೊಂಡು ಓದುತ್ತಾರೆ: "ಇವತ್ತಿನ ಪ್ರೇಕ್ಷಕರ ಸಂಖ್ಯೆ ನಾಲ್ಕು ಸಾವಿರ ಚಿಲ್ಲರೆ. ಎಲ್ಲರಿಗೂ ಧನ್ಯವಾದ." ಅಲ್ಲಿ ಕೂತಿರುವ ಏಳೆಂಟು ನೂರು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಉಳಿದ ಮೂರು ಸಾವಿರದವರು ಶೌಚಾಲಯದ ಸಾಲಿನಲ್ಲಿ ಸಿಕ್ಕಿಕೊಂಡಿರಬೇಕು ಪಾಪ, ಅಂದುಕೊಂಡು ಮತ್ತೆ ಆಟ ನೋಡುತ್ತಾರೆ.

ದಯವಿಟ್ಟು ಇದನ್ನು ಸುಳ್ಳು ಅನ್ನಬೇಡಿ. ಇದು ಲೆಕ್ಕ. ಅಮೆರಿಕದ ಸಾಕರ್ ಲೀಗುಗಳು ಘೋಷಿಸುವ ಹಾಜರಿ ಸಾಮಾನ್ಯವಾಗಿ ಹಂಚಿಹೋದ ಟಿಕೆಟ್‌ಗಳದ್ದೇ ಹೊರತು ಗೇಟು ದಾಟಿ ಬಂದ ತಲೆಗಳದ್ದಲ್ಲ. ಸೀಸನ್ ಟಿಕೆಟ್ ಕೊಂಡು ಮನೆಯಲ್ಲೇ ಮಲಗಿದವನು ಹಾಜರ್. ಪ್ರಾಯೋಜಕ ಕಂಪನಿಯ ಮೇಜಿನ ಡ್ರಾಯರಿನಲ್ಲಿ ಕೊಳೆಯುತ್ತಿರುವ ನಲವತ್ತು ಪಾಸುಗಳೂ ಹಾಜರ್. ಗೇಟಿನ ಸ್ಕ್ಯಾನರ್ ಕೊಡುವ ಸಂಖ್ಯೆ ಬೇರೆ. ಅದು ಕ್ಲಬ್ಬಿನ ಕಚೇರಿಯ ಒಂದು ಕಂಪ್ಯೂಟರಿನಲ್ಲಿ ಮನೆಯ ಗುಟ್ಟಿನಂತೆ ಭದ್ರವಾಗಿರುತ್ತದೆ. ಆಹಾರದ ಗುತ್ತಿಗೆದಾರನಿಗೆ ಮಾತ್ರ ಆ ಗುಟ್ಟು ಗೊತ್ತು. ನಾಲ್ಕು ಸಾವಿರದ ಘೋಷಣೆ ನಂಬಿ ಒಮ್ಮೆ ಸಾಮಾನು ತರಿಸಿ ಕೈಸುಟ್ಟುಕೊಂಡವನು ಅವನೇ.

ಅಮೆರಿಕದ ಸಾಕರ್ ಒಕ್ಕೂಟದ ವೃತ್ತಿಪರ ಲೀಗ್ ನಿಯಮಾವಳಿಯನ್ನೇ ತೆಗೆದುಕೊಳ್ಳಿ. ಎರಡನೇ ಡಿವಿಷನ್ನಿನ ಕ್ರೀಡಾಂಗಣದಲ್ಲಿ ಕನಿಷ್ಠ 5,000 ಆಸನ ಇರಬೇಕು. ಮೂರನೆಯದಕ್ಕೆ 1,000 ಸಾಕು. ಮುಖ್ಯ ಮಾಲೀಕನ ಆಸ್ತಿ ಎರಡನೇ ಡಿವಿಷನ್ನಿಗೆ ಕನಿಷ್ಠ 2 ಕೋಟಿ ಡಾಲರ್, ಮೂರನೆಯದಕ್ಕೆ 1 ಕೋಟಿ. ಮೈದಾನ ಕನಿಷ್ಠ 110 ಗಜ ಉದ್ದ, 70 ಗಜ ಅಗಲ. ಕುರ್ಚಿ ಎಣಿಸಿದರು, ಹುಲ್ಲು ಅಳೆದರು, ಮಾಲೀಕನ ಗಂಟನ್ನೂ ತೂಗಿದರು. ಆ ಕುರ್ಚಿಗಳ ಮೇಲೆ ಯಾರಾದರೂ ಕೂರಬೇಕೋ ಎಂಬ ಪ್ರಶ್ನೆಗೆ ಮಾತ್ರ ನಿಯಮ ಜಾಣಮೌನ ವಹಿಸಿದೆ.

ಟಿವಿಯಲ್ಲಿ ನೋಡುವವರಿಗೆ ಇನ್ನೊಂದು ಒಗಟು. ಸ್ಟ್ಯಾಂಡು ಪೂರ್ತಿ ಖಾಲಿ, ಗದ್ದಲ ಮಾತ್ರ ಕೇಳಿಸುತ್ತದೆ. ಅದರಲ್ಲೇನೂ ಮಾಯೆಯಿಲ್ಲ. ಮುಖ್ಯ ಸ್ಟ್ಯಾಂಡನ್ನು ಸಾಮಾನ್ಯವಾಗಿ ಪಶ್ಚಿಮದ ಬದಿಗೆ ಕಟ್ಟುತ್ತಾರೆ, ಇಳಿಹೊತ್ತಿನ ಸೂರ್ಯ ಬೆನ್ನಿಗಿರಲಿ ಎಂದು. ಬಿಸಿಲು ಲೆನ್ಸಿಗೆ ಹೊಡೆಯಬಾರದೆಂದು ಕ್ಯಾಮೆರಾವನ್ನೂ ಅದೇ ಬದಿಯ ಮೇಲೇರಿಸುತ್ತಾರೆ. ದುಡ್ಡು ಕೊಟ್ಟು ಬಂದ ಬಡಪಾಯಿಗಳೂ ನೆರಳು ಹುಡುಕಿಕೊಂಡು ಅದೇ ಕ್ಯಾಮೆರಾದ ಬುಡದಲ್ಲಿ ಕೂರುತ್ತಾರೆ. ಹಾಗಾಗಿ ತೊಂಬತ್ತು ನಿಮಿಷವೂ ಪರದೆಯ ಮೇಲೆ ಎದುರುಬದಿಯ ಬಣಗುಡುವ ಪ್ಲಾಸ್ಟಿಕ್ ಕುರ್ಚಿಗಳದ್ದೇ ದರ್ಬಾರು. ಮನೆಯಲ್ಲಿ ಕೂತು ನೋಡುವವನು "ಅಲ್ಲಿಗೆ ಯಾರೂ ಹೋಗುವುದಿಲ್ಲವಲ್ಲ" ಎಂದು ತಾನೂ ಹೋಗುವುದಿಲ್ಲ.

ಇದಕ್ಕೆ ಮದ್ದಿಲ್ಲ ಎಂದೇನಿಲ್ಲ. ಬಿಸಿಲು ಇಳಿದ ಮೇಲೆ ಆಟ ಶುರುಮಾಡಿ, ಕ್ಯಾಮೆರಾದ ಎದುರಿನ ಎರಡೇ ಬ್ಲಾಕ್‌ಗಳನ್ನು ಅಗ್ಗದ ದರಕ್ಕೆ ಬಿಟ್ಟು, ಡೋಲಿನವರನ್ನು ಅಲ್ಲೇ ನಿಲ್ಲಿಸಿ, ಮಿಕ್ಕ ಬ್ಲಾಕ್‌ಗಳ ಮೇಲೆ ಜಾಹೀರಾತಿನ ಟಾರ್ಪಾಲು ಎಳೆದರೆ ಎಂಟುನೂರು ಜನ ಎರಡು ಸಾವಿರದಂತೆ ಕಾಣುತ್ತಾರೆ, ಮೂರು ಸಾವಿರದಂತೆ ಕೇಳಿಸುತ್ತಾರೆ. ಟಾರ್ಪಾಲಿಗೆ ಬಾಡಿಗೆಯೂ ಬರುತ್ತದೆ. ಆದರೆ ಟಿಕೆಟ್ ತಂತ್ರಾಂಶದಲ್ಲಿ ಎಲ್ಲ ಆಸನಗಳನ್ನೂ ತೆರೆದಿಟ್ಟು "ನಿಮ್ಮಿಷ್ಟದ ಜಾಗ ಆರಿಸಿಕೊಳ್ಳಿ" ಅನ್ನುವುದು ಕ್ಲಬ್ಬಿನ ಔದಾರ್ಯ. ಬಂದವರು ಹತ್ತು ಸಾಲಿಗೊಬ್ಬರಂತೆ ಹರಡಿಕೊಳ್ಳುತ್ತಾರೆ, ಜಗಳವಾಡಿಕೊಂಡ ದಾಯಾದಿಗಳ ಹಾಗೆ.

ಪುಕ್ಕಟೆ ಟಿಕೆಟ್ಟಿನ ಮಹಿಮೆಯನ್ನು ಹಾಡದೇ ಮುಂದೆ ಹೋಗುವಂತಿಲ್ಲ. ಶಾಲೆಗಳಿಗೆ ಕಟ್ಟು ಕಟ್ಟು ಪಾಸು, ಮಕ್ಕಳ ಫುಟ್‌ಬಾಲ್ ತಂಡಗಳಿಗೆ ಕಟ್ಟು ಕಟ್ಟು ಪಾಸು. ಮಗು ಬಂದರೆ ಅಪ್ಪ ಅಮ್ಮ ಬಂದೇ ಬರುತ್ತಾರೆ, ಅವರು ದುಡ್ಡು ಕೊಡುತ್ತಾರೆ ಎಂಬುದು ಲೆಕ್ಕಾಚಾರ. ಮಕ್ಕಳ ತಂಡಗಳಿಗೂ ವಾರಾಂತ್ಯದಲ್ಲೇ ಪಂದ್ಯಾವಳಿ ಇರುತ್ತದೆ ಎಂಬ ಸತ್ಯ ಮಾರ್ಕೆಟಿಂಗ್ ವಿಭಾಗಕ್ಕೆ ಪ್ರತಿ ವರ್ಷ ಹೊಸದಾಗಿ ತಿಳಿಯುತ್ತದೆ. ಬೆಳಗಿನಿಂದ ಎರಡು ಪಂದ್ಯ ಆಡಿ ಬಂದ ಹತ್ತು ವರ್ಷದ ಹುಡುಗ ಸಂಜೆ ಮೂರನೆಯದನ್ನು ನೋಡಲು ಬರುವುದಿಲ್ಲ, ನಿದ್ದೆ ಮಾಡುತ್ತಾನೆ. ಬಂದರೂ ಗೋಲಿನ ಹಿಂದಿನ ಇಳಿಜಾರಿನಲ್ಲಿ ಬಾಟಲಿ ಮುಚ್ಚಳವನ್ನೇ ಚೆಂಡು ಮಾಡಿಕೊಂಡು ಆಡುತ್ತಾನೆ. ಮೈದಾನದ ಕಡೆ ತಿರುಗಿಯೂ ನೋಡುವುದಿಲ್ಲ. ಅವನ ಆಟವೇ ಚೆನ್ನಾಗಿರುತ್ತದೆ, ಅದು ಬೇರೆ ಮಾತು.

ನಿಜವಾದ ಪೆಟ್ಟು ಬೀಳುವುದು ದುಡ್ಡು ಕೊಟ್ಟವನಿಗೆ. ವರ್ಷದ ಆರಂಭದಲ್ಲೇ ಸೀಸನ್ ಟಿಕೆಟ್ ಕೊಂಡವನ ಪಕ್ಕದ ಕುರ್ಚಿಗೆ ಪುಕ್ಕಟೆ ಪಾಸಿನವನು ಬಂದು, "ನೀವು ಇದಕ್ಕೆ ದುಡ್ಡು ಕೊಟ್ಟಿರಾ?" ಎಂದು ಕನಿಕರದಿಂದ ಕೇಳುತ್ತಾನೆ. ಮುಂದಿನ ವರ್ಷ ಅವನು ಕೊಳ್ಳುವುದಿಲ್ಲ. ಆ ಖಾಲಿ ಜಾಗ ತುಂಬಲು ಕ್ಲಬ್ಬು ಇನ್ನಷ್ಟು ಪಾಸು ಹಂಚುತ್ತದೆ. ಪುಕ್ಕಟೆಯವನಿಗಂತೂ ನಾಲ್ಕು ಹನಿ ಮಳೆ ಬಿದ್ದರೂ ಸಾಕು, ಮನೆಯಲ್ಲೇ ಉಳಿಯಲು ನೆಪ. ಟಿಕೆಟ್ಟಿಗೆ ಕೊಟ್ಟ ಕಾಸು ಕುಟುಕಿದರೆ ತಾನೇ ಕೊಡೆ ಹಿಡಿದು ಹೊರಡುವುದು?

ಇನ್ನು ಪೋಸ್ಟರು. ವಾರ ಮುಂಚೆ ಬರಬೇಕಾದ್ದು ಪಂದ್ಯದ ಹಿಂದಿನ ರಾತ್ರಿ ಬರುತ್ತದೆ. ನಡುವೆ ಕೈಕಟ್ಟಿಕೊಂಡು ನಿಂತ ಸ್ಟ್ರೈಕರ್, ಹಿಂದೆ ಹೊಗೆ, ಹೊಗೆಯೊಳಗಿಂದ ಮಿಂಚು, ಕೆಳಗೆ ಒಂಬತ್ತು ಪ್ರಾಯೋಜಕರ ಚಿಹ್ನೆ. "ಯುದ್ಧಕ್ಕೆ ಸಿದ್ಧರಾಗಿ" ಎಂಬ ಕರೆ ದಪ್ಪಕ್ಷರದಲ್ಲಿದೆ. ಯುದ್ಧ ಎಷ್ಟು ಗಂಟೆಗೆ? ಎಲ್ಲಿ? ಪಾರ್ಕಿಂಗ್ ಉಂಟೇ? ಗೇಟಿನಲ್ಲಿ ಟಿಕೆಟ್ ಸಿಗುತ್ತದೆಯೇ? ಅವೆಲ್ಲ ಶತ್ರುವಿಗೆ ತಿಳಿಯಬಾರದ ರಹಸ್ಯ. ಆ ಸ್ಟ್ರೈಕರ್ ಕಳೆದ ತಿಂಗಳೇ ಬೇರೆ ಕ್ಲಬ್ಬಿಗೆ ಹೋದ ಎಂಬುದನ್ನು ವಿನ್ಯಾಸಗಾರನಿಗೆ ಯಾರೂ ಹೇಳಿರುವುದಿಲ್ಲ. ಇಷ್ಟಾದರೂ ಹಟ ಹಿಡಿದು ಹೊರಟವನು ಮೊದಲು ಆ್ಯಪ್ ಇಳಿಸಿಕೊಳ್ಳಬೇಕು, ಖಾತೆ ತೆರೆಯಬೇಕು, ಸೇವಾ ಶುಲ್ಕ ತೆರಬೇಕು. ಗೇಟಿಗೆ ಬಂದರೆ ಇರುವ ಎರಡು ಸ್ಕ್ಯಾನರಿನಲ್ಲಿ ಒಂದರ ಬ್ಯಾಟರಿ ಸತ್ತಿದೆ. ಮೊದಲ ಗೋಲಿನ ಕೂಗನ್ನು ಸರತಿಯಲ್ಲಿ ನಿಂತೇ ಕೇಳುತ್ತಾನೆ. ನೇರ ಅನುಭವ ಎಂದು ಜಾಹೀರಾತು ಹೇಳಿದ್ದು ಇದನ್ನೇ ಇರಬೇಕು.

ಇಂಥ ಸಣ್ಣಪುಟ್ಟ ರಗಳೆಗೆ ತಲೆ ಕೆಡಿಸಿಕೊಳ್ಳದವರು ದೊಡ್ಡದಾಗಿ ಯೋಚಿಸುತ್ತಾರೆ. 2018ರಲ್ಲಿ ಆಟ ಶುರುಮಾಡಿದ, ಎರಡನೇ ಡಿವಿಷನ್ನಿನ ಲಾಸ್ ವೇಗಸ್ ಲೈಟ್ಸ್ ಕ್ಲಬ್ಬಿನ ಕಥೆ ಕೇಳಿ. ಆಟ ನೋಡಲು ಜನ ಬರದಿದ್ದರೆ ಲಾಮಾ ನೋಡಲು ಬರಲಿ ಎಂದು ಮೈದಾನಕ್ಕೆ ಲಾಮಾಗಳನ್ನು ತಂದರು. ಲಾಮಾ ಅಂದರೆ ಮಠದವರಲ್ಲ, ಒಂಟೆಯ ದಕ್ಷಿಣ ಅಮೆರಿಕದ ದಾಯಾದಿ. ಬಂದ ಪ್ರಾಣಿ ಹುಲ್ಲಿನ ಮೇಲೆ ನಿಂತು, ಕ್ಯಾಮೆರಾಗಳ ಸಮಕ್ಷಮದಲ್ಲಿ, ಒಂದು ಚೂರೂ ಮುಜುಗರವಿಲ್ಲದೆ ಲದ್ದಿ ಹಾಕಿತು. ಆ ವರ್ಷ ಕ್ಲಬ್ಬಿನ ಹೆಸರು ದೂರದೂರಕ್ಕೆ ಹಬ್ಬಿದ್ದರಲ್ಲಿ ಆ ಲದ್ದಿಯ ಪಾಲು ಎಷ್ಟು, ಫಾರ್ವರ್ಡ್‌ಗಳ ಪಾಲು ಎಷ್ಟು ಎಂದು ಯಾರೂ ತೂಗಿ ನೋಡಿಲ್ಲ. ಒಂದನ್ನಂತೂ ಒಪ್ಪಬೇಕು. ಕೆಳ ಡಿವಿಷನ್ನಿನಲ್ಲಿ ಇಷ್ಟು ನಿಖರವಾಗಿ ಗುರಿ ಮುಟ್ಟಿಸಿದವರು ಅಪರೂಪ.

ಮರುವರ್ಷ, 2019ರಲ್ಲಿ, ಅದೇ ಕ್ಲಬ್ಬು ಮಧ್ಯಂತರದಲ್ಲಿ ಹೆಲಿಕಾಪ್ಟರಿನಿಂದ 5,000 ಡಾಲರ್ ಮೊತ್ತದ ನೋಟುಗಳನ್ನು ಕೆಳಗೆ ಸುರಿಸಿತು. ಆರಿಸಿ ಮೈದಾನಕ್ಕಿಳಿಸಿದ್ದ ಪ್ರೇಕ್ಷಕರು ಮುಗಿಬಿದ್ದರು, ಇಬ್ಬರಿಗೆ ಸಣ್ಣ ಗಾಯವೂ ಆಯಿತು. ಆಟಗಾರರಿಗೆ ಆಗಬೇಕಾದ ಗಾಯ ಪ್ರೇಕ್ಷಕರಿಗೆ! ಮಾರ್ಕೆಟಿಂಗ್ ಪಠ್ಯಪುಸ್ತಕದಲ್ಲಿ ಇದನ್ನು ಪ್ರೇಕ್ಷಕರ ಸಕ್ರಿಯ ಪಾಲ್ಗೊಳ್ಳುವಿಕೆ ಅನ್ನುತ್ತಾರೇನೋ. ಮೊದಲ ವರ್ಷ ಬಂದಿದ್ದ ಜನ ಮುಂದಿನ ವರ್ಷಗಳಲ್ಲಿ ಕರಗಿದರು. ಲಾಮಾ ನೋಡಿಯಾಗಿತ್ತಲ್ಲ.

ಆ ಕ್ಲಬ್ಬು ಆಡುತ್ತಿದ್ದುದೂ ಬೇಸ್‌ಬಾಲ್ ಕ್ರೀಡಾಂಗಣದಲ್ಲಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಂಥ ಕಡೆ ನೆಲ ನಿಜಕ್ಕೂ ಡೊಂಕು. ಬೇಸ್‌ಬಾಲಿನಲ್ಲಿ ಚೆಂಡು ಎಸೆಯುವವನು ನಿಲ್ಲುವ ಮಣ್ಣಿನ ದಿಬ್ಬವನ್ನು ಪ್ರತಿ ಸಾಕರ್ ಪಂದ್ಯಕ್ಕೂ ತೆಗೆಯಬೇಕು, ಒಳಮೈದಾನದ ಕೆಂಪು ಮಣ್ಣಿನ ಮೇಲೆ ಹುಲ್ಲಿನ ಹಾಸು ಹಾಸಬೇಕು, ಮುಗಿದ ಮೇಲೆ ಮತ್ತೆ ಮೊದಲಿನಂತೆ ಮಾಡಿಕೊಡಬೇಕು. ಹಾಸಿನ ಅಂಚುಗಳು ಬೇರೂರಿ ಕೂಡಿಕೊಳ್ಳಲು ಸಮಯವೇ ಸಿಗುವುದಿಲ್ಲ. ನೆಲಕ್ಕಂಟಿ ಹೋಗಬೇಕಾದ ಚೆಂಡು ಆ ಹೊಲಿಗೆಗೆ ತಾಕಿ ಮೊಣಕಾಲಿಗೆ ಚಿಮ್ಮುತ್ತದೆ. ನೋಡುವವರ ಪಾಡು ಇನ್ನೊಂದು ಬಗೆ. ಕುರ್ಚಿಗಳೆಲ್ಲ ಬ್ಯಾಟು ಹಿಡಿದವನು ನಿಲ್ಲುವ ಮೂಲೆಯ ಕಡೆ ಮುಖ ಮಾಡಿರುತ್ತವೆ. ಅಲ್ಲಿ ಸಾಕರ್‌ನವರಿಗೆ ಏನೂ ನಡೆಯುವುದಿಲ್ಲ, ಹೆಚ್ಚೆಂದರೆ ಒಂದು ಕಾರ್ನರ್ ಕಿಕ್. ತೊಂಬತ್ತು ನಿಮಿಷ ಕತ್ತು ತಿರುಗಿಸಿಕೊಂಡೇ ಕೂರಬೇಕು. ಬೇಸ್‌ಬಾಲ್ ತಂಡವೇ ಮನೆಯೊಡೆಯನಾಗಿರುವ ಕಡೆ ಒಳ್ಳೆಯ ಶನಿವಾರಗಳು ಅವರಿಗೆ, ಬುಧವಾರದ ರಾತ್ರಿ ಬಾಡಿಗೆದಾರರಿಗೆ. ಬುಧವಾರ ಜನ ಬರಲಿಲ್ಲವೆಂದು ಆಮೇಲೆ ವಿಶ್ಲೇಷಣೆ.

ಅಟ್ಲಾಂಟಿಕ್ ಆಚೆಯವರು ಹೆಚ್ಚು ಬುದ್ಧಿವಂತರೇನಲ್ಲ. ನೂರು ವರ್ಷದಿಂದ ನೀಲಿ ಅಂಗಿ ತೊಟ್ಟ, ಬ್ರಿಟನ್ನಿನ ವೇಲ್ಸ್‌ನ ಕಾರ್ಡಿಫ್ ಸಿಟಿ ಕ್ಲಬ್ಬಿಗೆ 2012ರಲ್ಲಿ, ಅದಿನ್ನೂ ಎರಡನೇ ಹಂತದಲ್ಲಿದ್ದಾಗ, ಮಾಲೀಕರು ಕೆಂಪು ಅಂಗಿ ತೊಡಿಸಿದರು. ಏಷ್ಯಾದ ಮಾರುಕಟ್ಟೆಗೆ ಕೆಂಪು ಹಿಡಿಸುತ್ತದಂತೆ. ಅಂದರೆ ಎದುರಿಗೆ ಕೂತು ಗಂಟಲು ಹರಿದುಕೊಳ್ಳುವವನ ಬಣ್ಣ ಕಿತ್ತುಕೊಂಡು, ಸಾವಿರಾರು ಮೈಲಿ ಆಚೆ, ಈ ಕ್ಲಬ್ಬಿನ ಹೆಸರೇ ಕೇಳದವನಿಗೆ ಕಾಣಿಕೆ ಕೊಟ್ಟರು. 2015ರ ಜನವರಿಯಲ್ಲಿ ನೀಲಿ ವಾಪಸು ಬಂತು. ನಡುವಿನ ವರ್ಷಗಳ ಕೆಂಪು ಅಂಗಿಗಳನ್ನು ಒಳಗೆ ಹಾಕಿಕೊಳ್ಳುವುದೋ ನೆಲ ಒರೆಸುವುದೋ, ಕೊಂಡವರು ಇನ್ನೂ ತೀರ್ಮಾನಿಸಿಲ್ಲ.

ಅದೇ ಬ್ರಿಟನ್ನಿನಲ್ಲಿ ಕೆಳ ಹಂತದ ಕ್ಲಬ್ಬುಗಳ ಗೇಟಿಗೆ ಬರುವ ಜನ ಕಡಿಮೆಯಾಗದಿರಲೆಂದು ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಫುಟ್‌ಬಾಲ್ ನೇರಪ್ರಸಾರ ನಿಷೇಧಿಸುವ ನಿಯಮ ದಶಕಗಳಿಂದ ನಡೆದುಬಂದಿದೆ. ಹಳೆಯ ಕಾಲದ ನಿಯಮ ಎಂದು ನಗುವವರಿದ್ದಾರೆ. ನಗಲಿ. ಕೊನೇಪಕ್ಷ ಯಾರೋ ಒಬ್ಬರು ಕೂತು ಆ ಚಿಕ್ಕ ಕ್ಲಬ್ಬಿನ ಶನಿವಾರದ ಬಗ್ಗೆ ಯೋಚಿಸಿದ್ದರು.

"ಗೆಲ್ಲುವ ತಂಡ ಕಟ್ಟಿ, ಜನ ತಾವಾಗಿಯೇ ಬರುತ್ತಾರೆ" ಎಂದು ಉಪದೇಶಿಸುವವರಿಗೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಡೆಲ್ಟಾಸ್ ಕ್ಲಬ್ಬನ್ನು ತೋರಿಸಬೇಕು. 2017 ಅವರ ಮೊದಲ ಸೀಸನ್. ನವೆಂಬರಿನಲ್ಲಿ ತಮ್ಮದೇ ಕೇಝಾರ್ ಕ್ರೀಡಾಂಗಣದಲ್ಲಿ ನ್ಯೂಯಾರ್ಕ್ ಕಾಸ್ಮೊಸ್ ಮೇಲೆ ಫೈನಲ್ ಗೆದ್ದು ಚಾಂಪಿಯನ್ ಆದರು. ಅದೇ ಕೊನೆಯ ಸೀಸನ್ನೂ ಆಯಿತು. ಕಪ್ ಎತ್ತಿದರು, ಕ್ಲಬ್ ಮುಚ್ಚಿದರು.

ಕೆಳ ಡಿವಿಷನ್ನಿನ ರಾಚೆಸ್ಟರ್ ರೈನೋಸ್ ತಂಡ 1999ರಲ್ಲಿ, ಅತಿ ಮೇಲಿನ ಡಿವಿಷನ್ನಾದ ಮೇಜರ್ ಲೀಗಿನ ನಾಲ್ಕು ತಂಡಗಳನ್ನು ಸಾಲಾಗಿ ಸೋಲಿಸಿ, ಮೇಲಿನವರೂ ಕೆಳಗಿನವರೂ ಕೂಡಿ ಆಡುವ ಯುಎಸ್ ಓಪನ್ ಕಪ್ ಗೆದ್ದಿತು. ಆಮೇಲೆ ಇವತ್ತಿನವರೆಗೆ ಯಾವ ಕೆಳ ಡಿವಿಷನ್ ತಂಡವೂ ಅದನ್ನು ಮಾಡಿಲ್ಲ. ಆಗ ಪಂದ್ಯಕ್ಕೆ ಸರಾಸರಿ ಹತ್ತು ಸಾವಿರಕ್ಕೂ ಮೀರಿ ಜನ ಬರುತ್ತಿದ್ದರು. 2006ರಲ್ಲಿ ಸಾಕರ್‌ಗೆಂದೇ ಕಟ್ಟಿದ ಕ್ರೀಡಾಂಗಣ ಸಿಕ್ಕಿತು. 2017ರ ಸೀಸನ್ ಮುಗಿದ ಮೇಲೆ ತಂಡ "ವಿರಾಮ" ತೆಗೆದುಕೊಂಡಿತು. 2021ರಲ್ಲಿ ಇಂಗ್ಲೆಂಡಿನ ತಾರಾ ಸ್ಟ್ರೈಕರ್ ಜೇಮಿ ವಾರ್ಡಿ ಪಾಲುದಾರನಾಗಿ ಬಂದ, ಹೊಸ ಹೆಸರು ಬಂತು, 2022ರಲ್ಲಿ ಮತ್ತೆ ಆಡಿತು, 2023ರಲ್ಲಿ ಮುಚ್ಚಿತು. ಹೆಸರು, ಚಿಹ್ನೆ, ಬಣ್ಣ, ತಾರೆ, ಎಲ್ಲ ಬದಲಾಯಿಸಿ ನೋಡಿದರು.

ಇಲ್ಲಿ ನಗು ಬರುವುದಿಲ್ಲ, ಕ್ಷಮಿಸಿ. ಪ್ರತಿ ಸಲವೂ ಕೊನೆಗೆ ಬೈಸಿಕೊಳ್ಳುವವರು ಬಂದವರೇ. "ಈ ಊರಿನವರಿಗೆ ಫುಟ್‌ಬಾಲ್ ಬೇಡ" ಎಂಬ ಮಾತನ್ನು ಕೇಳಿಸಿಕೊಳ್ಳುವವರು ಮಳೆಯಲ್ಲಿ ಡೋಲು ಹೊಡೆದವರು, ಬುಧವಾರ ರಾತ್ರಿ ಎಂಟು ತಾಸು ಬಸ್ಸಿನಲ್ಲಿ ಎದುರಾಳಿಯ ಊರಿಗೆ ಹೋದವರು. ಬರದವರು ಮನೆಯಲ್ಲಿದ್ದಾರೆ, ಅವರಿಗೆ ಬೈಗುಳ ತಲುಪುವುದೇ ಇಲ್ಲ. ಡೆಟ್ರಾಯಿಟ್ ಸಿಟಿ ಕ್ಲಬ್ಬಿನವರು ಹ್ಯಾಮ್‌ಟ್ರ್ಯಾಮಿಕ್ ಎಂಬ ಊರಿನ ಕೀವರ್ತ್ ಕ್ರೀಡಾಂಗಣ ರಿಪೇರಿಗೆ ಹಣ ಬೇಕೆಂದಾಗ ಐನೂರಕ್ಕೂ ಹೆಚ್ಚು ಜನ ಕೈಯಿಂದ ಸಾಲ ಕೊಟ್ಟರು, ಏಳು ಲಕ್ಷ ಡಾಲರ್ ದಾಟಿತು. 2016ರಲ್ಲಿ ಅಲ್ಲಿ ಆಟ ಶುರುವಾಯಿತು. ಲಾಮಾ ಇರಲಿಲ್ಲ. ಆ ಐನೂರು ಜನರನ್ನು ಯಾರೋ ಕೇಳಿದ್ದರು, ಅಷ್ಟೇ. ಅಷ್ಟು ಕಷ್ಟದ ಕೆಲಸವೇ ಇದು?

ಮುಚ್ಚುವ ಕ್ಲಬ್ಬುಗಳ ಪ್ರಕಟಣೆಗೆ ಒಂದು ಧಾಟಿಯಿದೆ. ಮೊದಲ ಪ್ಯಾರಾದಲ್ಲಿ ಭಾರವಾದ ಹೃದಯ, ಎರಡನೆಯದರಲ್ಲಿ ಪ್ರತಿಕೂಲ ಮಾರುಕಟ್ಟೆ, ಮೂರನೆಯದರಲ್ಲಿ ಜಗತ್ತಿನ ಅತಿ ಶ್ರೇಷ್ಠ ಅಭಿಮಾನಿಗಳಿಗೆ ಅನಂತ ವಂದನೆ. ಈ ಸಲ ಪೋಸ್ಟರು ತಡವಾಗುವುದಿಲ್ಲ, ಅಕ್ಷರದೋಷವೂ ಇರುವುದಿಲ್ಲ. ತೀರ ಕೆಳಗೆ ಸಣ್ಣಕ್ಷರದಲ್ಲಿ ಸೀಸನ್ ಟಿಕೆಟ್ ಹಣ ವಾಪಸಿನ ವಿಷಯ: ದಯವಿಟ್ಟು ಆ್ಯಪ್ ಇಳಿಸಿಕೊಳ್ಳಿ. ಸೇವಾ ಶುಲ್ಕ ಮರಳಿಸಲಾಗುವುದಿಲ್ಲ.