ತಟ್ಟೆ ಮುಂದಿನ ಮೊಬೈಲ್ ತೆಗೆದ ಮೇಲೆ

ನಮ್ಮ ಮಗನಿಗೆ ಈಗ ಎರಡು ವರ್ಷ ನಾಲ್ಕು ತಿಂಗಳು. ಮೊನ್ನೆ ಮೊನ್ನೆವರೆಗೂ ನಮ್ಮ ಮನೆಯಲ್ಲಿ ಅವನ ಊಟ ಅಂದರೆ ಅನ್ನ, ಸಾರು, ತುಪ್ಪ, ಮೊಬೈಲ್. ತುಪ್ಪ ಇಲ್ಲದಿದ್ದರೂ ನಡೆಯುತ್ತಿತ್ತು, ಮೊಬೈಲ್ ಇಲ್ಲದಿದ್ದರೆ ಬಾಯೇ ತೆರೆಯುತ್ತಿರಲಿಲ್ಲ. ಸ್ಟೀಲ್ ಲೋಟಕ್ಕೆ ಒರಗಿಸಿಟ್ಟ ಫೋನು, ಅದರಲ್ಲಿ ಕುಣಿಯೋ ಹಸು, ಇವನ ಕಣ್ಣು ಅಲ್ಲಿ, ಬಾಯಿ ಮಾತ್ರ ನಮ್ಮ ಕಡೆ. ತುತ್ತು ಇಟ್ಟರೆ ನುಂಗುತ್ತಿದ್ದ. ತಿಂದದ್ದು ಪಲ್ಯವೋ ಪಾಯಸವೋ ಅವನಿಗೆ ಗೊತ್ತಾಗುತ್ತಿತ್ತು ಅಂತ ನನಗನ್ನಿಸಲ್ಲ.

ಒಂದು ಭಾನುವಾರ ಸುಮ್ನೆ ಲೆಕ್ಕ ಹಾಕಿದೆ. ಬೆಳಿಗ್ಗೆ ಇಡ್ಲಿಗೆ 30 ನಿಮಿಷ, ಮಧ್ಯಾಹ್ನ 40, ರಾತ್ರಿ 40, ಮಧ್ಯೆ ಬಾಳೆಹಣ್ಣಿಗೆ 10. ಎರಡು ಗಂಟೆ! ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ಎರಡು ವರ್ಷ ತುಂಬುವವರೆಗೆ ಸ್ಕ್ರೀನ್ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಮ್ಮಿ ಆದಷ್ಟೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ಡಾಕ್ಟರುಗಳ ಸಂಘ, ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳೋದೂ ಹೆಚ್ಚುಕಮ್ಮಿ ಇದನ್ನೇ. ಸಣ್ಣ ಮಕ್ಕಳು ಅಪರೂಪಕ್ಕೆ ಅಜ್ಜಿ ತಾತನ ಜೊತೆ ವಿಡಿಯೊ ಕಾಲ್ ಮಾಡಿದರೆ ಪರವಾಗಿಲ್ಲ ಅನ್ನುತ್ತಾರೆ, ಅಷ್ಟೇ. ನಾನು ಮಾತ್ರ "ನಾವು ಆಟಕ್ಕೆ ಫೋನ್ ಕೊಡೋದೇ ಇಲ್ಲಪ್ಪ" ಅಂತ ಆಫೀಸಲ್ಲಿ ಎಲ್ಲರ ಮುಂದೆ ಬೀಗಿಕೊಂಡು ಓಡಾಡುತ್ತಿದ್ದೆ. ಊಟದಲ್ಲೇ ಡಬಲ್ ಆಗಿದ್ದು ಲೆಕ್ಕಕ್ಕೇ ಬಂದಿರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ಮಗುವಿಗೆ ಒಂದು ಗಂಟೆ ಕೊಡಬೇಕೋ ಅರ್ಧ ಗಂಟೆಯೋ ಅಂತ ಚರ್ಚೆ ಮಾಡೋದಕ್ಕೆ ಮುಂಚೆ ತಟ್ಟೆ ಮುಂದಿನ ಫೋನ್ ತೆಗೆಯಿರಿ. ನನ್ನ ಪ್ರಕಾರ ಮುಕ್ಕಾಲು ಕೆಲಸ ಅಲ್ಲಿಗೇ ಮುಗಿಯುತ್ತೆ.

ನಾವು ಫೋನ್ ಇಡೋದು ಯಾಕೆ? "ಮಗು ತಿನ್ನಲ್ಲ" ಅಂತ. ನಾನೂ ಇದನ್ನೇ ನಮ್ಮ ಮಕ್ಕಳ ಡಾಕ್ಟರ್ ಹತ್ತಿರ ಹೇಳಿದೆ. ಅವರು ಇವನ ತೂಕದ ಕಾರ್ಡ್ ನೋಡಿ, "ಚೆನ್ನಾಗೇ ಇದಾನಲ್ಲಮ್ಮ, ಹಸಿವಿಲ್ಲದೆ ಯಾಕೆ ತಿನ್ಬೇಕು?" ಅಂದರು. ಆಮೇಲೆ ವಿವರಿಸಿದರು. ಹುಟ್ಟಿದಾಗ ಮೂರು ಕೆಜಿ ಇದ್ದ ಮಗು ಒಂದು ವರ್ಷಕ್ಕೆ ಸುಮಾರು ಒಂಬತ್ತು ಕೆಜಿ ಆಗುತ್ತೆ, ಅಂದರೆ ಮೂರು ಪಟ್ಟು. ಎರಡನೇ ವರ್ಷದಲ್ಲಿ ಏರೋದು ಬರೀ ಎರಡು, ಎರಡೂವರೆ ಕೆಜಿ. ಬೆಳವಣಿಗೆ ನಿಧಾನ ಆದ ಮೇಲೆ ಹಸಿವೂ ಕಮ್ಮಿ ಆಗುತ್ತೆ, ಅದು ಸಹಜ. ನಾವೋ, ಹತ್ತು ತಿಂಗಳಲ್ಲಿ ಗಬಗಬ ರಾಗಿ ಸರಿ ತಿಂದ ಮಗುವನ್ನೇ ನೆನಪಿಟ್ಟುಕೊಂಡು, ಈಗ ಯಾಕೆ ತಿನ್ನಲ್ಲ ಅಂತ ಗಾಬರಿಯಾಗಿ, ಅವನ ಹೊಟ್ಟೆ ಸಾಕು ಅಂದಿದ್ದು ಅವನಿಗೇ ಕೇಳಿಸದ ಹಾಗೆ ಹಸು ಕುಣಿಸುತ್ತೇವೆ.

"ನಿಮಗೂ ಚಂದಮಾಮನ್ನ ತೋರಿಸಿಯೇ ತಿನ್ನಿಸಿದ್ದು, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ" ಅಂತ ನಮ್ಮ ಅತ್ತೆ ಕೇಳಿದರು. ಒಳ್ಳೇ ಪ್ರಶ್ನೆನೇ. ಎರಡು ದಿನ ನನಗೂ ಉತ್ತರ ಹೊಳೆಯಲಿಲ್ಲ. ಆಮೇಲೆ ಅನ್ನಿಸಿದ್ದು, ಚಂದಮಾಮ ಮೂರು ಸೆಕೆಂಡಿಗೊಮ್ಮೆ ಬದಲಾಗಲ್ಲ, ಹಾಡಲ್ಲ, ಮಾತಾಡಲ್ಲ. ಮಾತೆಲ್ಲ ತುತ್ತು ಹಿಡಿದವರೇ ಆಡಬೇಕು. ಫೋನ್ ಇದ್ದಾಗ ನಾವು ಬಾಯಿ ಬಿಡೋದೇ ಇಲ್ಲ, ಕೈ ಮಾತ್ರ ಆಡುತ್ತೆ.

ಮಾತಿನ ವಿಷಯಕ್ಕೆ ಒಂದು ಹಳೇ ಪ್ರಯೋಗ ಇದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ಯಾಟ್ರಿಷಿಯಾ ಕೂಲ್ ಮತ್ತು ಜೊತೆಯವರು 2003ರಲ್ಲಿ ಪ್ರಕಟಿಸಿದ್ದು. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಮಕ್ಕಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಕೆಲವರ ಎದುರು ಮನುಷ್ಯರೇ ಕೂತು ಪುಸ್ತಕ ಓದಿ, ಆಟಿಕೆ ತೋರಿಸಿ ಮಾತಾಡಿದರು. ಇನ್ನು ಕೆಲವರಿಗೆ ಅದೇ ಮನುಷ್ಯರು, ಅದೇ ಮಾತು, ಆದರೆ ವಿಡಿಯೊದಲ್ಲಿ. ಎದುರು ಕೂತವರಿಂದ ಮಕ್ಕಳು ಆ ಭಾಷೆಯ ಸದ್ದುಗಳನ್ನು ಗುರುತಿಸೋದು ಕಲಿತರು. ವಿಡಿಯೊ ನೋಡಿದವರು ಕಲಿಯಲಿಲ್ಲ. ನಮ್ಮವನು ಫೋನ್ ನೋಡಿ "ಎಲ್ಲೋ, ಪರ್ಪಲ್" ಅಂದಾಗ ನಾವೂ ಚಪ್ಪಾಳೆ ತಟ್ಟಿದ್ದೇವೆ. ಆದರೆ ಬಾಯಾರಿದಾಗ ನೀರು ಅಂತ ಕೇಳುತ್ತಿರಲಿಲ್ಲ, ಫಿಲ್ಟರ್ ಕಡೆ ಕೈ ತೋರಿಸಿ ಕಿರುಚುತ್ತಿದ್ದ. ಪರ್ಪಲ್ ತಗೊಂಡು ಏನು ಮಾಡೋದು ಹೇಳಿ.

ಸರಿ, ತೆಗೆದೆವು. ಒಂದು ಸೋಮವಾರ, ನಾನು ರಜೆ ಹಾಕಿ. ಮೊದಲ ದಿನ ರಂಪಾಟ. ತಟ್ಟೆ ತಳ್ಳಿದ, ನೆಲಕ್ಕೆ ತಲೆ ಚಚ್ಚಿಕೊಂಡ, ಮಧ್ಯಾಹ್ನ ನಾಲ್ಕು ತುತ್ತು ತಿಂದು ಮಲಗಿದ. ಎರಡನೇ ದಿನವೂ ಅಷ್ಟೇ. "ಹೀಗಾದ್ರೆ ಮಗು ಸೊರಗಿ ಹೋಗುತ್ತೆ ನೋಡಮ್ಮ" ಅಂತ ಅತ್ತೆ ಕಣ್ಣಲ್ಲಿ ನೀರು. ನನಗೂ ಕೈ ಫೋನ್ ಕಡೆ ಹೋಗುತ್ತಿತ್ತು, ಸುಳ್ಳು ಹೇಳಲ್ಲ. ಮೂರನೇ ದಿನ ಸಂಜೆ ನಾಲ್ಕಕ್ಕೆ ತಾನೇ ಅಡುಗೆಮನೆಗೆ ಬಂದು ಕಾಲು ತಬ್ಬಿಕೊಂಡು "ಮಮ್ಮು" ಅಂದ. ಎರಡು ವರ್ಷದಲ್ಲಿ ಅವನು ಊಟ ಕೇಳಿದ್ದು ಅದೇ ಮೊದಲು. ಕೇಳೋಕೆ ನಾವೇ ಬಿಟ್ಟಿರಲಿಲ್ಲವಲ್ಲ.

ಈಗ ಮುಂಚಿನ ಅರ್ಧದಷ್ಟು ತಿನ್ನುತ್ತಾನೆ. ಅದರಲ್ಲಿ ಅರ್ಧ ನೆಲಕ್ಕೆ. ದಿನಾ ಇರುವೆ. 20 ನಿಮಿಷ ಕೂರಿಸುತ್ತೇವೆ, ತಿಂದರೆ ಸರಿ, ಇಲ್ಲದಿದ್ದರೆ ಎತ್ತಿಬಿಡುತ್ತೇವೆ. ತೂಕ ಕಮ್ಮಿಯಾಗಿಲ್ಲ. (ನಿಮ್ಮ ಮಗುವಿನ ತೂಕ ನಿಜವಾಗಲೂ ಇಳಿಯುತ್ತಿದ್ದರೆ ನನ್ನ ಪೋಸ್ಟ್ ಓದ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ.)

ಊಟ ಬಿಟ್ಟು ಉಳಿದ ಹೊತ್ತಿಗೆ ಮಿತಿ ಹಾಕೋದು ಆಶ್ಚರ್ಯ ಅನ್ನಿಸುವಷ್ಟು ಸುಲಭ ಆಯಿತು. ಒಂದೇ ಒಂದು ಕಂಡುಕೊಂಡೆವು. ಈ ವಯಸ್ಸಿಗೆ ನಿಮಿಷ ಅರ್ಥ ಆಗಲ್ಲ. "ಇನ್ನು ಹತ್ತೇ ನಿಮಿಷ" ಅನ್ನೋದು ನಮ್ಮ ಸಮಾಧಾನಕ್ಕೆ ಹೇಳಿಕೊಳ್ಳೋದು. "ಎರಡು ಹಾಡು" ಅಂದರೆ ಅರ್ಥ ಆಗುತ್ತೆ, ಯಾಕೆಂದರೆ ಹಾಡು ಮುಗಿಯುತ್ತೆ. ಆದರೆ ಆಟೋಪ್ಲೇ ಆನ್ ಇದ್ದರೆ ಯಾವ ಹಾಡೂ ಮುಗಿಯಲ್ಲ, ಒಂದರ ಬಾಲ ಹಿಡಿದು ಇನ್ನೊಂದು. ಅದಕ್ಕೇ ಪೆನ್‌ಡ್ರೈವ್‌ಗೆ ನಾಲ್ಕು ಹಾಡು ಹಾಕಿ ಟಿವಿಗೆ ಚುಚ್ಚಿದ್ದೇವೆ. ಟಿವಿಯನ್ನ ತೊಡೆ ಮೇಲೆ ಇಟ್ಟುಕೊಳ್ಳೋಕೆ ಆಗಲ್ಲ, ಬೆರಳಲ್ಲಿ ತಳ್ಳೋಕೂ ಆಗಲ್ಲ. ಎರಡು ಹಾಡು ಆದ ಮೇಲೆ ಅವನೇ ಹೋಗಿ ಸ್ವಿಚ್ ಆಫ್ ಮಾಡಬೇಕು. ಆ ಸ್ವಿಚ್ ಒತ್ತೋ ಆಸೆಗೇ ಎಷ್ಟೋ ಸಲ ಒಂದೇ ಹಾಡಿಗೆ ಎದ್ದು ಹೋಗುತ್ತಾನೆ.

ಅತ್ತೆಯ ಸೀರಿಯಲ್ ಒಂದು ದೊಡ್ಡ ಮಾತುಕತೆ ಆಯಿತು. ಸಂಜೆ ಏಳರಿಂದ ಟಿವಿ ಉರಿಯುತ್ತಿದ್ದರೆ ಮಗು ನೋಡದಿದ್ದರೂ ನೋಡಿದ ಹಾಗೇ. ಆದರೆ ಹಗಲೆಲ್ಲ ಮಗು ಹಿಂದೆ ಓಡೋರು ಅವರು. ನಾನು ಎಂಟೂವರೆಗೆ ಹೊರಟರೆ ವಾಪಸ್ ಬರೋದು ಆರೂವರೆಗೆ. ಅವರಿಗಿದ್ದ ಒಂದು ಖುಷಿಯನ್ನೂ ಕಿತ್ತುಕೊಳ್ಳೋ ಹಕ್ಕು ನನಗೆಲ್ಲಿದೆ? ಕೊನೆಗೆ ಅವರೇ ದಾರಿ ಹುಡುಕಿದರು. ಮರುದಿನ ಮಧ್ಯಾಹ್ನ ಮರುಪ್ರಸಾರ ಇರುತ್ತಲ್ಲ, ಮಗು ಮಲಗಿದಾಗ ಅದನ್ನ ನೋಡುತ್ತಾರೆ. ಪಕ್ಕದ ಮನೆಯವರು ಬೆಳಿಗ್ಗೆಯೇ ಕಥೆ ಹೇಳಿಬಿಡುತ್ತಾರೆ ಅನ್ನೋದೊಂದೇ ಅವರ ದೂರು.

ಇನ್ನೊಂದು ವಿಷಯ. ವಾಟ್ಸಾಪಲ್ಲಿ "ಮೊಬೈಲ್ ನೋಡಿದರೆ ಮಗುವಿಗೆ ಆಟಿಸಂ ಬರುತ್ತೆ" ಅಂತ ಓಡಾಡುವ ಮೆಸೇಜುಗಳನ್ನ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಇದರಿಂದ ಎರಡು ಕಡೆ ನಷ್ಟ. ಒಬ್ಬ ತಾಯಿ ಮೊಬೈಲ್ ಕೊಟ್ಟು ನಾನೇ ಹಾಳು ಮಾಡಿದೆ ಅಂತ ಕೊರಗುತ್ತಾಳೆ. ಇನ್ನೊಬ್ಬಳು ಮೊಬೈಲ್ ಬಿಡಿಸಿದರೆ ಮಾತು ತಾನೇ ಬರುತ್ತೆ ಅಂತ ಒಂದು ವರ್ಷ ಕಾಯುತ್ತಾಳೆ, ಅಷ್ಟರಲ್ಲಿ ಮಗುವಿಗೆ ಕಿವಿಯೇ ಸರಿಯಾಗಿ ಕೇಳಿಸುತ್ತಿಲ್ಲ ಅಂತ ಗೊತ್ತಾಗೋದು ತಡ ಆಗಿರುತ್ತೆ. ಮಾತು ತಡ ಅನ್ನಿಸಿದರೆ ತೋರಿಸಿ. ನಮ್ಮ ಮೈಸೂರಲ್ಲಿ ಮಾನಸಗಂಗೋತ್ರಿಯಲ್ಲೇ ಸ್ಪೀಚ್ ಅಂಡ್ ಹಿಯರಿಂಗ್ ಇದೆ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ದೇಶದ ಎಲ್ಲೆಲ್ಲಿಂದಲೋ ಜನ ಅಲ್ಲಿಗೆ ಬರುತ್ತಾರೆ, ಇಲ್ಲೇ ಇರೋ ನಾವು ಹಿಂಜರಿಯುತ್ತೇವೆ.

ಮತ್ತೆ, ನಾನೇನೂ ವ್ರತ ಹಿಡಿದಿಲ್ಲ. ಕಳೆದ ತಿಂಗಳು ಕಫ ಕಟ್ಟಿ ನೆಬ್ಯುಲೈಸರ್ ಹಾಕಬೇಕಾದಾಗ ಆರಾಮಾಗಿ ಫೋನ್ ಕೊಟ್ಟೆ. ಕೂದಲು ಕತ್ತರಿಸುವಾಗಲೂ ಕೊಟ್ಟೆ. ಒಂದೇ ಕೋಣೆಯ ಮನೆಯಲ್ಲಿ, ಸಹಾಯಕ್ಕೆ ಯಾರೂ ಇಲ್ಲದೆ, ಉರಿಯೋ ಒಲೆ ಹತ್ತಿರ ಮಗು ಬರದಿರಲಿ ಅಂತ ಫೋನ್ ಕೊಡೋ ತಾಯಿಗೆ ಬುದ್ಧಿ ಹೇಳೋ ಧೈರ್ಯ ನನಗಿಲ್ಲ. ನನಗೆ ಅತ್ತೆ ಇದ್ದಾರೆ, ಗಂಡ ಪಾತ್ರೆ ತೊಳೆಯುತ್ತಾರೆ, ಅದಕ್ಕೇ ಇದೆಲ್ಲ ಮಾಡೋಕೆ ಆಯಿತು.

ಈಗ ನನ್ನ ತಲೆನೋವು ಬೇರೆ. ಮುಂದಿನ ಶನಿವಾರ ಅಮ್ಮನ ಮನೆಗೆ, ಶಿವಮೊಗ್ಗಕ್ಕೆ ರೈಲಲ್ಲಿ ಹೊರಟಿದ್ದೇವೆ. ಸುಮಾರು ಐದು ಗಂಟೆ. ಹಾಸನದವರೆಗೆ ಕಿಟಕಿ, ಎಮ್ಮೆ, ಕೆರೆ ಅಂತ ಹೇಗೋ ತಳ್ಳಬಹುದು, ಅರಸೀಕೆರೆಯಲ್ಲಿ ವಡೆ ಬಂದರೆ ಇನ್ನೊಂದರ್ಧ ಗಂಟೆ. ಆಮೇಲೆ ಏನು ಮಾಡಲಿ? ಇದೇ ವಯಸ್ಸಿನ ಮಕ್ಕಳನ್ನ ಕರೆದುಕೊಂಡು ಹೋಗಿ ಬಂದವರು ಹೇಳಿ. ಬ್ಯಾಗಲ್ಲಿ ಒಂದು ಡಬ್ಬಿ ಬಟ್ಟೆ ಕ್ಲಿಪ್ಪು ಇಟ್ಟಿದ್ದೇನೆ, ಸದ್ಯಕ್ಕೆ ಇರೋ ಐಡಿಯಾ ಅದೊಂದೇ.